ದಮ್‌ದಮ್‌ನಲ್ಲಿ ಒಂದು ರಾತ್ರಿ: ಸಣ್ಣ ಹೆಲಿಕಾಪ್ಟರಿಗೆ ಕೋಲ್ಕತ್ತಾ ನಿಲುಗಡೆಯ ಲೆಕ್ಕ

ಯುರೋಪಿನಿಂದ ಆಸ್ಟ್ರೇಲಿಯಾದ ಕಡೆಗೋ ಭೂಮಿಯ ಸುತ್ತವೋ ಸಣ್ಣ ಹೆಲಿಕಾಪ್ಟರ್ ಹಾರಿಸಿಕೊಂಡು ಹೊರಡುವವರಿಗೆ ಕೋಲ್ಕತ್ತಾ ತಪ್ಪಿಸುವುದು ಕಷ್ಟ. ಉತ್ತರಕ್ಕೆ ಸರಿದರೆ ಹಿಮಾಲಯ, ದಕ್ಷಿಣಕ್ಕೆ ಇಳಿದರೆ ಬಂಗಾಳ ಕೊಲ್ಲಿ. ನಡುವೆ ಉಳಿಯುವ ಓಣಿ ಗಂಗೆಯ ಮುಖಜಭೂಮಿಯ ಮೇಲೆ ಹಾಯುತ್ತದೆ. 1982ರಲ್ಲಿ ರಾಸ್ ಪೆರೋ ಜೂನಿಯರ್ ಮತ್ತು ಜೇ ಕೋಬರ್ನ್ ಬೆಲ್ 206ಎಲ್‌ನಲ್ಲಿ ಸುಮಾರು 29 ದಿನಗಳಲ್ಲಿ ಭೂಮಿ ಸುತ್ತಿದಾಗ, ಉತ್ತರ ಪೆಸಿಫಿಕ್‌ನಲ್ಲಿ ಹಡಗಿನ ಮೇಲೆ ಇಳಿದು ಇಂಧನ ತುಂಬಿಸಿಕೊಂಡದ್ದನ್ನೇ ಎಲ್ಲರೂ ಹೇಳುತ್ತಾರೆ. ಆದರೆ ಇಂಥ ಪ್ರಯಾಣದಲ್ಲಿ ದಿನಗಳು ಸೋರಿಹೋಗುವುದು ಸಮುದ್ರದ ಮೇಲಲ್ಲ, ನೆಲದ ಮೇಲೆ.

ಉದಾಹರಣೆಗೆ ರಾಬಿನ್‌ಸನ್ ಆರ್66 ತೆಗೆದುಕೊಳ್ಳೋಣ. ಪಿಸ್ಟನ್ ಎಂಜಿನ್ನಿನ ಆರ್44ಕ್ಕೆ ಬೇಕಾದ ಆವ್‌ಗ್ಯಾಸ್, ಅಂದರೆ ವಿಮಾನದ ಪೆಟ್ರೋಲ್, ಭಾರತದಲ್ಲಿ ಎಲ್ಲೆಡೆ ಸಿಗುವುದಿಲ್ಲ. ಪೀಪಾಯಿ ಮೊದಲೇ ಕಳಿಸಿಡಬೇಕು, ಅದೇ ಒಂದು ಬೇರೆ ರಾಮಾಯಣ. ಟರ್ಬೈನ್ ಎಂಜಿನ್ನಿನ ಆರ್66ಕ್ಕೆ ದೊಡ್ಡ ವಿಮಾನಗಳ ಜೆಟ್ ಇಂಧನ ಎಟಿಎಫ್ ಸಾಕು. ಮುಖ್ಯ ಟ್ಯಾಂಕ್ ಸುಮಾರು 279 ಲೀಟರ್, ಗಂಟೆಗೆ ಸುಮಾರು 87 ಲೀಟರ್ ಕುಡಿಯುತ್ತದೆ, ವೇಗ 110 ನಾಟ್, ಅಂದರೆ ಗಂಟೆಗೆ ಸುಮಾರು 204 ಕಿ.ಮೀ. ಅರ್ಧ ಗಂಟೆಯ ಮೀಸಲು ಕಳೆದರೆ ಗಾಳಿಯಿಲ್ಲದ ದಿನ 550 ಕಿ.ಮೀ. ಹೋಗಬಹುದು. ಹಿಂದೆ 163 ಲೀಟರಿನ ಹೆಚ್ಚುವರಿ ಟ್ಯಾಂಕ್ ಕೂರಿಸಿದರೆ ಸುಮಾರು 930. ನಾಗಪುರದಿಂದ ಕೋಲ್ಕತ್ತಾ ನೇರ ಗೆರೆಯಲ್ಲಿ 980 ಕಿ.ಮೀ. ಆಸುಪಾಸು. ಈ ಐವತ್ತು ಕಿ.ಮೀ. ಕೊರತೆಯನ್ನು ಹಿಂಗಾಳಿ ನಂಬಿ ತುಂಬಿಸಿಕೊಳ್ಳಲು ಹೋಗಬಾರದು. ರಾಂಚಿಯಲ್ಲಿ ಇಳಿಯಿರಿ, ಅಲ್ಲಿಂದ ಕೋಲ್ಕತ್ತಾ 330 ಕಿ.ಮೀ. ಅಷ್ಟೆ. ಹೆಚ್ಚುವರಿ ಟ್ಯಾಂಕ್ ಇಲ್ಲದಿದ್ದರೆ ರಾಯಪುರವೂ ಸೇರುತ್ತದೆ.

ಇಳಿಯುವ ಒಂದೊಂದು ಊರೂ ನಾಗರಿಕ ವಿಮಾನಯಾನದ ನಿಯಂತ್ರಕ ಡಿಜಿಸಿಎ ಕೊಡುವ ಅನುಮತಿಯಲ್ಲಿ ಇರಬೇಕು. ವಿದೇಶಿ ನೋಂದಣಿಯ ಹೆಲಿಕಾಪ್ಟರಿಗೆ ಬರುವ ವೈಎ ಎಂಬ ಅನುಮತಿ ಸಂಖ್ಯೆಯನ್ನು ಫ್ಲೈಟ್ ಪ್ಲಾನಿನ 18ನೇ ಕಲಮಿನಲ್ಲಿ ಬರೆಯಬೇಕು. ಇದು ಒಂದು ಸಲದ ಕೆಲಸ. ಪ್ರತಿ ಹಾರಾಟಕ್ಕೂ ಬೇರೆ ಬೇಕಾದದ್ದು ಎಡಿಸಿ, ಅಂದರೆ ವಾಯುರಕ್ಷಣಾ ಅನುಮತಿಯ ಸಂಖ್ಯೆ. ಫ್ಲೈಟ್ ಪ್ಲಾನ್ ಸಲ್ಲಿಸಿ, ಹಾರಾಟ ಮಾಹಿತಿ ಕೇಂದ್ರ ಎಫ್‌ಐಸಿಗೆ ಫೋನ್ ಮಾಡಿ, ಸಂಖ್ಯೆ ಬರೆದುಕೊಂಡ ಮೇಲೆಯೇ ಎಂಜಿನ್ ಚಾಲೂ ಮಾಡುವ ಮಾತು. ಇಂಧನದ ಲಾರಿ, ಅಂದರೆ ಬೌಸರ್, ಬರಲು ತಡವಾಗಿ ಹೊರಡುವ ಹೊತ್ತು ಜಾರಿದರೆ ಮತ್ತೆ ಅದೇ ಸುತ್ತು. ಹೊಸಬರು ಸಿಕ್ಕಿಬೀಳುವುದು ಇಲ್ಲೇ. ಫ್ಲೈಟ್ ಪ್ಲಾನಿನ ಸಮಯವೆಲ್ಲ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ, ಊಟ ಹೋಟೆಲು ಎಲ್ಲ ಐದೂವರೆ ಗಂಟೆ ಮುಂದೆ. ದಣಿದ ತಲೆಯಲ್ಲಿ ಆ ಅರ್ಧ ಗಂಟೆ ಬಿಟ್ಟುಹೋಗುತ್ತದೆ.

ಹೊತ್ತಿನ ವಿಷಯದಲ್ಲಿ ಕೋಲ್ಕತ್ತಾ ಇನ್ನೊಂದು ರೀತಿಯಲ್ಲೂ ಮೋಸ ಮಾಡುತ್ತದೆ. ಭಾರತದ ಗಡಿಯಾರ ನಿಂತಿರುವುದು 82.5 ಡಿಗ್ರಿ ರೇಖಾಂಶದ ಮೇಲೆ, ಈ ಊರು 88 ದಾಟಿದೆ. ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಆರಕ್ಕೆ ಸ್ವಲ್ಪ ಮುಂಚೆ ಸೂರ್ಯ ಮುಳುಗಿದರೆ ಕೋಲ್ಕತ್ತಾದಲ್ಲಿ ಐದಕ್ಕೆ ಮುಂಚೆಯೇ ಮುಳುಗಿರುತ್ತದೆ. ಕಣ್ಣಂದಾಜಿನ ಹಾರಾಟಕ್ಕೆ, ಅಂದರೆ ವಿಎಫ್‌ಆರ್‌ಗೆ, ಸೂರ್ಯಾಸ್ತದ 20 ನಿಮಿಷದ ನಂತರ ಇಲ್ಲಿ ಅವಕಾಶವಿಲ್ಲ. ಬೆಳಿಗ್ಗೆಯೋ, ಡಿಸೆಂಬರ್ ಜನವರಿಯ ಮಂಜು ಕೆಲವು ದಿನ ಒಂಬತ್ತು, ಹತ್ತು ಗಂಟೆಯವರೆಗೂ ಬಿಡುವುದಿಲ್ಲ. ವಿಎಫ್‌ಆರ್‌ಗೆ 5 ಕಿ.ಮೀ. ಗೋಚರತೆ ಬೇಕು. ಅಂಥ ದಿನ ಕೈಗೆ ಸಿಗುವುದು ಏಳು ಗಂಟೆಗಳಷ್ಟು ಹೊತ್ತು. ಎರಡು ಹಾರಾಟ, ನಡುವೆ ಒಂದು ಕಸ್ಟಮ್ಸ್ ಎಂದು ಬರೆದಿಟ್ಟ ವೇಳಾಪಟ್ಟಿ ಅಲ್ಲೇ ಮುರಿಯುತ್ತದೆ.

ಇಳಿಯುವಾಗ ಎತ್ತರಮಾಪಕದ ಒಂದು ತಪ್ಪು ನೆನಪಿರಲಿ. ಇಲ್ಲಿ ಒತ್ತಡ ಹೇಳುವುದು ಹೆಕ್ಟೋಪ್ಯಾಸ್ಕಲ್‌ನಲ್ಲಿ, ಅಮೆರಿಕದ ಯಂತ್ರಗಳಲ್ಲಿ ಇಂಚಿನ ಮಾಪಕವೇ ಇರಬಹುದು. ಮಳೆಗಾಲದಲ್ಲಿ ವಾಯುಭಾರ ಕುಸಿದು ಕ್ಯೂಎನ್‌ಎಚ್, ಅಂದರೆ ಎತ್ತರಮಾಪಕಕ್ಕೆ ಹೊಂದಿಸುವ ಸಮುದ್ರಮಟ್ಟದ ಒತ್ತಡ, ‘ನೈನ್ ನೈನ್ ಟೂ’ (992) ಎಂದು ಕೇಳಿ 29.92 ತಿರುಗಿಸಿಬಿಟ್ಟರೆ, ನಿಜವಾಗಿ ಬೇಕಾದದ್ದು 29.29. ಮಾಪಕ ಸುಮಾರು 600 ಅಡಿ ಹೆಚ್ಚು ತೋರಿಸುತ್ತದೆ, ನೀವು ಅಷ್ಟು ಕೆಳಗೆ ಹಾರುತ್ತಿರುತ್ತೀರಿ. ಪರಿವರ್ತನೆಯ ಚೀಟಿ ತೊಡೆಯ ಮೇಲಿನ ಹಲಗೆಗೆ ಅಂಟಿಸಿಕೊಂಡರೆ ತೀರಿತು. ಒಂಬತ್ತು ಗಂಟೆಯ ನಂತರ ಬಿಸಿಗಾಳಿ ಹಿಡಿದು ಸುತ್ತುವ ಹದ್ದುಗಳ ಮೇಲೂ ಕಣ್ಣಿರಬೇಕು.

ಊರಿನ ನೈಋತ್ಯಕ್ಕೆ ಬೆಹಾಲಾ ಎಂಬ ಪುಟ್ಟ ನಿಲ್ದಾಣವಿದೆ, ಹೆಲಿಕಾಪ್ಟರಿಗೆ ಹೇಳಿ ಮಾಡಿಸಿದ ಹಾಗೆ. ಆದರೆ ಅಲ್ಲಿ ವಲಸೆ, ಕಸ್ಟಮ್ಸ್ ಇಲ್ಲ. ಹಾಗಾಗಿ ಕೋಲ್ಕತ್ತಾದ ದೊಡ್ಡ ವಿಮಾನ ನಿಲ್ದಾಣ ದಮ್‌ದಮ್ಮೇ ಗತಿ, 3,600 ಮೀಟರ್ ದಾಟಿದ ರನ್‌ವೇಯ ಪಕ್ಕ ಒಂಬತ್ತು ಮೀಟರ್ ಉದ್ದದ ಯಂತ್ರ. ಏರ್ ಟ್ಯಾಕ್ಸಿ ಮಾಡುವಾಗ, ಅಂದರೆ ನೆಲಕ್ಕಿಂತ ತುಸು ಮೇಲೆ ಹಾರುತ್ತ ಸಾಗುವಾಗ, ಜೆಟ್ ವಿಮಾನದ ಹಿಂದೆ ಹತ್ತಿರ ಹೋಗಬಾರದು, ಇದು ಎಲ್ಲರಿಗೂ ಗೊತ್ತು. ಹೆಚ್ಚು ಅಪಾಯದ ಗಳಿಗೆ ಬೇರೆ ಇದೆ, ರೋಟರ್ ನಿಲ್ಲಿಸುವಾಗ ಅಥವಾ ಶುರು ಮಾಡುವಾಗ. ಎರಡೇ ಅಲಗಿನ ರೋಟರ್ ನಿಧಾನವಾಗಿ ತಿರುಗುತ್ತಿರುವಾಗ ಅದನ್ನು ಬಿಗಿಯಾಗಿ ಹಿಡಿಯುವಷ್ಟು ಕೇಂದ್ರಾಪಗಾಮಿ ಬಲ ಇರುವುದಿಲ್ಲ. ಆಗ ಪಕ್ಕದಲ್ಲಿ ವಿಮಾನವೊಂದು ತಿರುಗಿ ಗಾಳಿ ಎರಚಿದರೆ ಅಲಗು ಮೇಲೆದ್ದು ಕೆಳಗೆ ಬಗ್ಗಿ ಬಾಲಕ್ಕೇ ಬಡಿಯಬಹುದು. ಆದ್ದರಿಂದ ಟ್ಯಾಕ್ಸಿವೇಯಿಂದ ದೂರದ ಸ್ಟ್ಯಾಂಡ್ ಕೇಳಿ, ನಡೆಯುವ ದೂರ ಹೆಚ್ಚಾದರೂ ಚಿಂತೆಯಿಲ್ಲ. ಸ್ಕಿಡ್‌ಗೆ, ಅಂದರೆ ಹೆಲಿಕಾಪ್ಟರ್ ನಿಲ್ಲುವ ಉದ್ದ ಕೊಳವೆಯಂಥ ಕಾಲುಗಳಿಗೆ, ಸಿಕ್ಕಿಸುವ ಚಕ್ರಗಳನ್ನು ಜೊತೆಯಲ್ಲೇ ಒಯ್ಯಿರಿ. ದೊಡ್ಡ ನಿಲ್ದಾಣದಲ್ಲಿ ವಿಮಾನ ಎಳೆಯುವ ಟ್ರ್ಯಾಕ್ಟರ್ ಇರುತ್ತದೆ, ಸ್ಕಿಡ್ ಹೆಲಿಕಾಪ್ಟರ್ ಎಳೆಯುವ ಸಾಧನ ಇರುತ್ತದೆ ಎಂಬ ಭರವಸೆ ಬೇಡ.

ಕಸ್ಟಮ್ಸ್ ಮೇಜಿನ ಮುಂದೆ ನಿಲ್ಲುವ ಮುಂಚೆ, ಅಲ್ಲ, ಮನೆ ಬಿಡುವ ಮುಂಚೆಯೇ ಚೀಲ ತಡಕಿ ನೋಡಿ. ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಥುರಾಯಾ, ಇರಿಡಿಯಂ ಸ್ಯಾಟಲೈಟ್ ಫೋನ್ ಭಾರತಕ್ಕೆ ತರುವುದು ಅಪರಾಧ. ಇರಿಡಿಯಂ ಜಾಲ ಬಳಸುವ ಗಾರ್ಮಿನ್ ಇನ್‌ರೀಚ್‌ನಂಥ ಪುಟ್ಟ ಟ್ರ್ಯಾಕರ್ ಇಟ್ಟುಕೊಂಡ ವಿದೇಶಿ ಪ್ರವಾಸಿಗರನ್ನೂ ವಿಮಾನ ನಿಲ್ದಾಣಗಳಲ್ಲಿ ತಡೆದು ಮೊಕದ್ದಮೆ ಹೂಡಿದ್ದುಂಟು. ಬೇರೆ ಕಡೆ ಜೀವ ಉಳಿಸುವ ಸಾಧನ ಇಲ್ಲಿ ಪೊಲೀಸ್ ಠಾಣೆಯ ದಾರಿ ತೋರಿಸುತ್ತದೆ. ತುರ್ತಿಗೆ ಯಂತ್ರದಲ್ಲೇ ಇರುವ 406 ಮೆಗಾಹರ್ಟ್ಸ್ ಇಎಲ್‌ಟಿಯನ್ನು, ಅಂದರೆ ಅಪಘಾತವಾದರೆ ಸಂಕೇತ ಕಳಿಸುವ ಸಾಧನವನ್ನು, ಸುಸ್ಥಿತಿಯಲ್ಲಿಡಿ.

ಇಂಧನವನ್ನು ಅಂದೇ ಸಂಜೆ ತುಂಬಿಸುವುದು ಒಳ್ಳೆಯದು. ಖಾಲಿ ಟ್ಯಾಂಕಿನಲ್ಲಿ ಬಂಗಾಳದ ತೇವದ ಗಾಳಿ ರಾತ್ರಿ ತಣಿದು ನೀರಾಗುತ್ತದೆ. ಹಣದ ವ್ಯವಸ್ಥೆ ಹ್ಯಾಂಡ್ಲಿಂಗ್ ಏಜೆಂಟರ ಮೂಲಕ ಮೊದಲೇ ಆಗಿರಬೇಕು. ಬೌಸರ್ ಕರೆಸುವಾಗ ‘ಮೇಲಿನಿಂದ ತುಂಬುವ ನಾಝಲ್ ಬೇಕು’ ಎಂದು ಸ್ಪಷ್ಟವಾಗಿ ಹೇಳಿ. ಇಲ್ಲದಿದ್ದರೆ ರೆಕ್ಕೆಯ ಅಡಿಯಿಂದ ಒತ್ತಡದಲ್ಲಿ ತುಂಬುವ ಹೋಸ್ ಬಂದು ನಿಲ್ಲುತ್ತದೆ. ಬಾತುಕೋಳಿ ಕೊಕ್ಕಿನಂಥ ಅಗಲ ಮೂತಿಯ ನಾಝಲ್ ನಿಮ್ಮ ಟ್ಯಾಂಕಿನ ಬಾಯಿಗೆ ಹಿಡಿಸುತ್ತದೋ ಇಲ್ಲವೋ ಹೊರಡುವ ಮೊದಲೇ ಅಳೆದಿಡಿ. ಮೊದಲು ಅರ್ಥ್ ತಂತಿ, ಆಮೇಲೆ ಮುಚ್ಚಳ. ನಿಧಾನವಾಗಿ ಬಿಡಲು ಹೇಳಿ, 279 ಲೀಟರ್ ಅವರ ಪಂಪಿಗೆ ಒಂದು ಗುಟುಕು.

ಮಾರ್ಚ್‌ನಿಂದ ಮೇವರೆಗೆ ಬರುವವರು ಕಾಲಬೈಶಾಖಿಯನ್ನು ಲೆಕ್ಕಕ್ಕಿಡಬೇಕು. ಮಧ್ಯಾಹ್ನ ಕಳೆದು ವಾಯವ್ಯದಿಂದ ಕಪ್ಪು ಗೋಡೆಯಂತೆ ನುಗ್ಗುವ ಈ ಬಿರುಗಾಳಿ ಗಂಟೆಗೆ 100 ಕಿ.ಮೀ. ಮುಟ್ಟಬಲ್ಲದು. ಹ್ಯಾಂಗರ್ ಸಿಕ್ಕರೆ ದರ ಕೇಳದೆ ಒಪ್ಪಿಕೊಳ್ಳಿ. ಸಿಗದಿದ್ದರೆ ಒಂದು ಅಲಗನ್ನು ಬಾಲದ ನೇರಕ್ಕೆ ತಂದು ಕಟ್ಟಿ, ಆದರೆ ಅಲಗು ಬಿಲ್ಲಾಗುವಷ್ಟು ಬಿಗಿಯಬೇಡಿ. ಎಂಜಿನ್ ಬಾಯಿ, ಎಕ್ಸಾಸ್ಟ್, ವೇಗಮಾಪಕಕ್ಕೆ ಗಾಳಿಯ ಒತ್ತಡ ಮುಟ್ಟಿಸುವ ಪಿಟೋ ಕೊಳವೆ ಮೂರಕ್ಕೂ ಮುಚ್ಚಿಗೆ ಹಾಕಿ. ಪಿಟೋ ಮುಚ್ಚಿಗೆ ಮಳೆಗಷ್ಟೇ ಅಲ್ಲ. ಕುಂಬಾರ ಹುಳು ಮಣ್ಣು ತಂದು ಮೆತ್ತಿದರೆ ವೇಗಮಾಪಕ ಏಳುವುದೇ ಇಲ್ಲ, ಅದು ಗೊತ್ತಾಗುವುದು ನೆಲ ಬಿಟ್ಟ ಮೇಲೆ.

ಬೆಳಿಗ್ಗೆ ಹೆಲಿಕಾಪ್ಟರ್ ಅಲುಗಾಡಿಸುವ ಮೊದಲು ಟ್ಯಾಂಕಿನ ತಳದಿಂದ ಜಾಡಿಗೆ ಇಂಧನ ಇಳಿಸಿ ನೋಡಿ. ಅಲುಗಾಡಿದರೆ ತಳಕ್ಕಿಳಿದ ನೀರು ಮತ್ತೆ ಬೆರೆಯುತ್ತದೆ. ಸಮುದ್ರಮಟ್ಟದ ಊರು, ಶಕ್ತಿಗೇನು ಕಡಿಮೆ ಅನ್ನಬೇಡಿ. ಮೇ ತಿಂಗಳ 37 ಡಿಗ್ರಿ, 1002 ಹೆಕ್ಟೋಪ್ಯಾಸ್ಕಲ್‌ನಲ್ಲಿ ಸಾಂದ್ರತೆಯ ಎತ್ತರ (ಗಾಳಿ ತೆಳುವಾದಾಗ ಯಂತ್ರಕ್ಕೆ ಅನ್ನಿಸುವ ಎತ್ತರ) ಸುಮಾರು 3,000 ಅಡಿ ಬರುತ್ತದೆ, ಸೆಕೆಯ ತೇವ ಅದಕ್ಕೆ ಇನ್ನಷ್ಟು ಕೂಡಿಸುತ್ತದೆ.

ಮುಂದಿನ ನಿಲ್ದಾಣ ಬಾಂಗ್ಲಾದೇಶದ ಚಟ್ಟೋಗ್ರಾಮ, ಸುಮಾರು 350 ಕಿ.ಮೀ., ಒಂದೂಮುಕ್ಕಾಲು ಗಂಟೆ. ನೇರ ಗೆರೆ ಸುಂದರಬನದ ಉತ್ತರದ ಅಂಚಿಗೆ ತಾಗಿಕೊಂಡೇ ಹೋಗುತ್ತದೆ. ಒಂದೇ ಎಂಜಿನ್ ಇದ್ದವರು ಬಾರಿಸಾಲ್ ಮೇಲೆ ಹೋಗಲಿ. ಹೆಚ್ಚಾಗುವುದು ಹತ್ತು ಕಿ.ಮೀ.ಗಿಂತ ಕಡಿಮೆ, ಕೆಳಗೆ ಮ್ಯಾಂಗ್ರೋವ್ ಕೆಸರಿನ ಬದಲು ಗದ್ದೆ ಇರುತ್ತದೆ. ಬಾರಿಸಾಲ್ ದಾಟಿದರೆ ಮೇಘನಾ ನದಿಯ ಬಾಯಿ, ಅಲ್ಲಿ ಆಯ್ಕೆಯಿಲ್ಲ. ಲೈಫ್ ಜಾಕೆಟ್ ಕೋಲ್ಕತ್ತಾದಲ್ಲೇ ತೊಟ್ಟಿರಬೇಕು, ಒಳಗೆ ಊದಿಸಬಾರದು. ತೆಪ್ಪ ಹಿಂದಿನ ಸೀಟಿನಲ್ಲಲ್ಲ, ಕೈಗೆಟುಕುವಲ್ಲಿ ಇರಬೇಕು. ಎಂಜಿನ್ನಿನ ಭಾರವೆಲ್ಲ ಮೇಲಿರುವ ಹೆಲಿಕಾಪ್ಟರ್ ನೀರು ಮುಟ್ಟಿದೊಡನೆ ಮಗುಚುತ್ತದೆ, ತಲೆಕೆಳಗಾದ ಕ್ಯಾಬಿನ್ನಿನಲ್ಲಿ ಹಿಂದಿನ ಸೀಟು ಬಲು ದೂರ.