ಓಡ್ಸೋಕಾ, ಮಾರೋಕಾ?

ಹಳೇ ಜೀಪಿಗೆ ಸ್ಪೇರ್ ಸಿಗುವುದಿಲ್ಲ ಎಂದು ಯಾರಾದರೂ ಹೇಳಿದರೆ ನನಗೆ ನಗು ಬರುತ್ತದೆ. ಸಿಗದೆ ಏನು? ಬೇಕಾದ್ದಕ್ಕಿಂತ ಜಾಸ್ತಿಯೇ ಸಿಗುತ್ತದೆ. ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಜೀಪಿನ ಯುಜೆ ಕ್ರಾಸ್ ಕೇಳಿ ನೋಡಿ. ಚಕ್ರದ ಕಡೆಗೆ ಶಕ್ತಿ ಒಯ್ಯುವ ಶಾಫ್ಟಿನ ಕೀಲಿನಲ್ಲಿ ಕೂರುವ, ನಾಲ್ಕು ಕಾಲಿನ ಉಕ್ಕಿನ ತುಂಡು ಅದು. ಕೌಂಟರ್ ಮೇಲೆ ಮೂರ್ನಾಲ್ಕು ಡಬ್ಬಿ ಬಂದು ಕೂರುತ್ತವೆ. ಅಳತೆ ಒಂದೇ, ಹೊಳಪೂ ಒಂದೇ. ರೇಟು ಮಾತ್ರ ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ.

ಅಲ್ಲಿ ಒಬ್ಬ ಹಳೇ ಅಂಗಡಿಯವರು ಡಬ್ಬಿ ತೆಗೆಯುವ ಮೊದಲೇ ಕೇಳುತ್ತಾರೆ: "ಗಾಡಿ ಓಡ್ಸೋಕಾ ಸಾರ್, ಮಾರೋಕಾ?"

ಮಾರುವುದಾದರೆ ಅಗ್ಗದ್ದೇ ಸಾಕು. ಗಿರಾಕಿ ಟ್ರಯಲ್ ನೋಡುವಾಗ ಶಬ್ದ ಬರಬಾರದು, ಅಷ್ಟೇ ತಾನೇ. ಓಡಿಸುವುದಾದರೆ ಅವರ ಕೈ ಬೇರೆ ಡಬ್ಬಿಗೆ ಹೋಗುತ್ತದೆ. ವ್ಯಾಪಾರಸ್ಥರ ಬಾಯಲ್ಲಿ ಇಷ್ಟು ನೇರವಾದ ಮಾತು ಕೇಳುವುದು ಅಪರೂಪ.

ನಮ್ಮ ಮನೆಯಲ್ಲಿ ಎರಡು ಜೀಪು ಇವೆ. ಒಂದು ಅಪ್ಪ ತಂದ ಪೆಟ್ರೋಲ್ ಜೀಪು, ಸಿಜೆ-3ಬಿ ಮಾದರಿಯದು, ಎತ್ತರದ ಬಾನೆಟ್ಟಿನದು. ಇನ್ನೊಂದು ಮಹೀಂದ್ರದ ಎಂಎಂ 540, ಡೀಸೆಲ್. ಮೂಡಿಗೆರೆ ಕಡೆಯ ತೋಟದ ದಾರಿ ಎಂದರೆ ಗೊತ್ತಲ್ಲ, ಮಳೆಗಾಲದಲ್ಲಿ ಅದು ದಾರಿಯೋ ಹಳ್ಳವೋ ಹೇಳಲಾಗದು. ಹಾಗಾಗಿ ಎರಡೂ ಶೋಕಿಗೆ ಇಟ್ಟುಕೊಂಡ ಗಾಡಿಗಳಲ್ಲ. ಗೊಬ್ಬರ ಹೊರುತ್ತವೆ, ಮೆಣಸು ಹೊರುತ್ತವೆ, ಸಂತೆಗೂ ಹೋಗುತ್ತವೆ.

ಇಷ್ಟೊಂದು ಅಗ್ಗದ ಮಾಲು ಹುಟ್ಟಿದ್ದಕ್ಕೆ ಕಾರಣವಿದೆ. ವಿಲ್ಲೀಸ್ ಕಂಪನಿ ಅಮೆರಿಕದಲ್ಲಿ ಸಿಜೆ-3ಬಿ ತಂದದ್ದು 1953ರಲ್ಲಿ. ಅಲ್ಲಿ ಅದು 1968ಕ್ಕೆ ನಿಂತುಹೋಯಿತು. ನಮ್ಮಲ್ಲಿ ಮಹೀಂದ್ರದವರು ಅದೇ ನಮೂನೆಯನ್ನು ಅದಾದ ಮೇಲೂ ವರ್ಷಗಟ್ಟಲೆ ಮಾಡಿದರು. ಎಂಜಿನ್ ಬದಲಾಯಿತು, ಹೆಸರು ಬದಲಾಯಿತು, ಕೆಳಗಿನ ಹೌಸಿಂಗು (ಚಕ್ರದ ಅಚ್ಚು ಕೂರುವ ಕವಚ), ಕಮಾನು ಪಟ್ಟಿ, ಶಾಫ್ಟು ಹೆಚ್ಚುಕಮ್ಮಿ ಹಳೇ ಮನೆತನದವೇ ಉಳಿದವು. ಇಷ್ಟು ವರ್ಷ ಬದಲಾಗದ ಪಾರ್ಟನ್ನು ಯಾರು ಬೇಕಾದರೂ ನಕಲು ಮಾಡಬಹುದು. ಮಾಡಿದರು ಕೂಡ. ತೊಂದರೆ ಎಂದರೆ ಎಷ್ಟೋ ಕಡೆ ನಕಲಿಗೆ ಡ್ರಾಯಿಂಗ್ ಇರುವುದಿಲ್ಲ, ಒಂದು ಹಳೇ ಸ್ಯಾಂಪಲ್ ಇರುತ್ತದೆ. ಸವೆದ ಸ್ಯಾಂಪಲ್ಲಿನಿಂದ ಅಳತೆ ತೆಗೆದರೆ ಹೊಸದು ಹುಟ್ಟುವಾಗಲೇ ಸವೆದಿರುತ್ತದೆ.

ಅಳತೆಯನ್ನಾದರೂ ವರ್ನಿಯರ್ ಹಿಡಿದು ನೋಡಬಹುದು. ಹದ ನೋಡುವುದು ಹೇಗೆ? ಯುಜೆ ಕ್ರಾಸಿನ ಕಾಲುಗಳ ಮೇಲ್ಮೈ ಗಟ್ಟಿ ಇರಬೇಕು, ಒಳಗಿನ ತಿರುಳು ಸ್ವಲ್ಪ ಮೆದು ಇರಬೇಕು. ಪೂರ್ತಿ ಗಟ್ಟಿಯಾದರೆ ಪಟ್ಟನೆ ತುಂಡಾಗುತ್ತದೆ, ಪೂರ್ತಿ ಮೆದುವಾದರೆ ಸವೆಯುತ್ತದೆ. ಆ ಹದಕ್ಕೆ ಕುಲುಮೆ ಬೇಕು, ಹೊತ್ತು ಬೇಕು, ಖರ್ಚು ಬೇಕು. ಅಗ್ಗದ ಮಾಲಿನಲ್ಲಿ ಮೊದಲು ಉಳಿಸುವುದು ಅದನ್ನೇ, ಯಾಕೆಂದರೆ ಅದು ಕಣ್ಣಿಗೆ ಕಾಣುವುದಿಲ್ಲ.

ನನ್ನ ಭಾವನ ಪೆಟ್ರೋಲ್ ಜೀಪಿನಲ್ಲಿ ಇದೇ ಆಯಿತು. ಹಿಂದಿನ ಶಾಫ್ಟಿಗೆ ಹೊಸ ಕ್ರಾಸ್ ಹಾಕಿಸಿ ಒಂದು ಸೀಸನ್ ಕೂಡ ಆಗಿರಲಿಲ್ಲ. ಮೆಣಸಿನ ಮೂಟೆ ಹೇರಿಕೊಂಡು ತೋಟದ ಏರು ಹತ್ತುವಾಗ ಹೌಸಿಂಗ್ ಕಡೆಯ ಕ್ರಾಸ್ ಮುರಿದು ಶಾಫ್ಟ್ ಕೆಳಗೆ ಬಿತ್ತು. ಗಾಡಿ ನಿಂತಿತು. ಭಾವ ಹ್ಯಾಂಡ್ ಬ್ರೇಕ್ ಎಳೆದು ಇಳಿಯಲು ಹೋದರೆ ಗಾಡಿ ಹಿಂದಕ್ಕೆ ಹೊರಟಿತು!

"ಪೂರ್ತಿ ಎಳ್ದಿದೀನಿ ಮಾರಾಯ, ಆದ್ರೂ ಹಿಂದೆ ಬರ್ತಿದೆ" ಎಂದು ಆಮೇಲೆ ಅದನ್ನೇ ಮತ್ತೆ ಮತ್ತೆ ಹೇಳುತ್ತಿದ್ದರು.

ಬರಲೇಬೇಕು. ಈ ಹಳೇ ಜೀಪುಗಳಲ್ಲಿ ಹ್ಯಾಂಡ್ ಬ್ರೇಕ್ ಚಕ್ರಕ್ಕೆ ಇಲ್ಲ. ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿನ ಹಿಂದೆ ಒಂದು ಪುಟ್ಟ ಡ್ರಮ್ ಇದೆ, ಅದು ಹಿಡಿಯುವುದು ಶಾಫ್ಟನ್ನು. ಶಾಫ್ಟೇ ಹೌಸಿಂಗಿನಿಂದ ಕಳಚಿಕೊಂಡ ಮೇಲೆ ಬ್ರೇಕ್ ಗಾಳಿಯನ್ನು ಹಿಡಿದುಕೊಂಡಿರುತ್ತದೆ. ಒಂದು ಕ್ರಾಸ್ ಹೋದರೆ ಎಳೆಯುವ ಶಕ್ತಿಯೂ ಹೋಯಿತು, ಹ್ಯಾಂಡ್ ಬ್ರೇಕೂ ಹೋಯಿತು. ಪುಣ್ಯಕ್ಕೆ ಕಾಲಿನ ಬ್ರೇಕ್ ಇತ್ತು. ಹಿಂದೆ ಕೂತಿದ್ದ ಹುಡುಗ ಹಾರಿ ಚಕ್ರಕ್ಕೆ ಕಲ್ಲು ಕೊಟ್ಟ. ಆಮೇಲೆ ಶಾಫ್ಟನ್ನು ಪೂರ್ತಿ ಬಿಚ್ಚಿ ಮೂಟೆಗಳ ಮೇಲೆ ಹಾಕಿಕೊಂಡು, ಫೋರ್ ವೀಲ್ ಹಾಕಿ, ಮುಂದಿನ ಚಕ್ರದ ಬಲದಲ್ಲೇ ಮನೆಗೆ ಬಂದರು. ಹಾಗೆ ಬರಬಹುದು ಎಂಬುದು ಜೀಪಿನ ದೊಡ್ಡ ಗುಣ.

ಮುರಿದ ಕ್ರಾಸನ್ನು ನಾನು ಕೈಯಲ್ಲಿ ಹಿಡಿದು ನೋಡಿದೆ. ಕಾಲಿನ ಮೇಲೆ ಬೇರಿಂಗಿನ ಸೂಜಿಗಳ ಗುರುತು ಗೆರೆಗೆರೆಯಾಗಿ ಬಿದ್ದಿತ್ತು, ಉಗುರು ಓಡಿಸಿದರೆ ತಟತಟ ಎಂದು ತಾಗುವಷ್ಟು. ಮೇಲ್ಮೈ ಗಟ್ಟಿ ಇದ್ದಿದ್ದರೆ ಇಷ್ಟು ಬೇಗ ಇಂಥ ಗುರುತು ಬೀಳುವುದಿಲ್ಲ. ಒಂದು ಕಾಲಿನ ಒಳಗಿನ ಗ್ರೀಸ್ ತೂತು ಕಬ್ಬಿಣದ ಚೂರು ತುಂಬಿ ಮುಚ್ಚಿಹೋಗಿತ್ತು. ಎಷ್ಟು ಗ್ರೀಸ್ ಹೊಡೆದರೂ ಆ ಕಾಲಿಗೆ ತಲುಪಿರಲಾರದು.

ನಮ್ಮ ಗ್ಯಾರೇಜಿನ ಸಾಬ್ರು ಇದಕ್ಕೆ ಅರ ಇಟ್ಟುಕೊಂಡಿದ್ದಾರೆ. ಹೊಸ ಕ್ರಾಸ್ ಬಂದರೆ ಕಾಲಿನ ತುದಿಯ ಅಂಚಿಗೆ ಒಮ್ಮೆ ಅರ ತಾಗಿಸುತ್ತಾರೆ. ಹದ ಸರಿ ಇದ್ದರೆ ಅರ ಜಾರುತ್ತದೆ, ಕೀರಲು ಶಬ್ದ ಬರುತ್ತದೆ. ಅರ ಕಚ್ಚಿ ಪುಡಿ ಉದುರಿದರೆ ಡಬ್ಬಿಗೆ ವಾಪಸ್. "ತಗೊಂಡ್ಹೋಗಿ ಕೊಟ್ಬಿಡಿ ಗೌಡ್ರೆ, ನಾನು ಹಾಕಲ್ಲ" ಎನ್ನುತ್ತಾರೆ. ನಾನು ಇನ್ನೊಂದು ಕೆಲಸ ಮಾಡುತ್ತೇನೆ. ಹಳೇ ಒರಿಜಿನಲ್ಲನ್ನೂ ಹೊಸದನ್ನೂ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಇಟ್ಟು ನೋಡುತ್ತೇನೆ. ಸವೆದ ಹಳೆಯದೇ ಹೊಸದಕ್ಕಿಂತ ಭಾರ ಬಂದರೆ ಇನ್ನೇನು ನೋಡುವುದು ಬೇಡ. ಹಾಕಿದ ಮೇಲೆ ಗ್ರೀಸ್ ಗನ್ ಹಿಡಿದು ಕಾಲಿನ ತುದಿಗೆ ಕೂರುವ ನಾಲ್ಕೂ ಬೇರಿಂಗ್ ಕಪ್ಪಿನಿಂದ ಗ್ರೀಸ್ ಹೊರಗೆ ಇಣುಕುವವರೆಗೆ ಒತ್ತಬೇಕು. ಮೂರರಲ್ಲಿ ಬಂದು ಒಂದರಲ್ಲಿ ಬರದಿದ್ದರೆ ಬಿಚ್ಚಬೇಕು.

ಕ್ರಾಸಾದರೂ ಮುರಿಯುವ ಮೊದಲು ಟಕ್ ಟಕ್ ಎಂದು ಹೇಳುತ್ತದೆ. ರಬ್ಬರ್ ಏನೂ ಹೇಳುವುದಿಲ್ಲ.

ಆಯಿಲ್ ಒತ್ತಡದಿಂದ ಚಕ್ರದ ಬ್ರೇಕನ್ನು ತಳ್ಳುವ ವೀಲ್ ಸಿಲಿಂಡರಿನ ಕಪ್ ವಾಷರ್ ನೋಡಿ, ಆಯಿಲ್ ಸೋರದಂತೆ ತಡೆಯುವ ರಬ್ಬರ್ ಅದು. ರೂಪಾಯಿ ನಾಣ್ಯದಷ್ಟು ದೊಡ್ಡದು. ಹಳೇ ಜೀಪಿನಲ್ಲಿ ನಾಲ್ಕು ಚಕ್ರಕ್ಕೂ ಸೇರಿ ಬ್ರೇಕ್ ಲೈನ್ ಒಂದೇ. ಎಲ್ಲಾದರೂ ಒಂದು ಕಪ್ ಸೋತರೆ ಪೆಡಲ್ ನೆಲಕ್ಕೆ ಹೋಗುತ್ತದೆ, ಉಳಿದ ಮೂರು ಚಕ್ರ ಇದ್ದೂ ಪ್ರಯೋಜನವಿಲ್ಲ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯುವಾಗ ಇದು ನೆನಪಾದರೆ ಸೆಕೆಂಡ್ ಗೇರಿನಿಂದ ಮೇಲೆ ಹೋಗಲು ಮನಸ್ಸೇ ಬರುವುದಿಲ್ಲ. ಅಗ್ಗದ ಕಿಟ್ಟಿನ ರಬ್ಬರಿನಲ್ಲಿ ಎರಡು ಕಾಯಿಲೆ. ಒಂದು, ಕಪ್ಪಿನ ತುಟಿ ಚೂಪಾಗಿರುವುದಿಲ್ಲ, ಅಚ್ಚಿನ ಉಳಿಕೆ ಅಂಚಿನಲ್ಲಿ ಹಾಗೇ ಇರುತ್ತದೆ, ಸೋರುತ್ತದೆ. ಇನ್ನೊಂದು, ಬ್ರೇಕ್ ಆಯಿಲ್ ಕುಡಿದು ಉಬ್ಬುತ್ತದೆ. ಪೆಡಲ್ ಒತ್ತುವ ಮಾಸ್ಟರ್ ಸಿಲಿಂಡರಿನಲ್ಲಿ ಆಯಿಲ್ ವಾಪಸ್ ಹೋಗಲು ಸೂಜಿಮೊನೆಯಷ್ಟು ಸಣ್ಣ ತೂತು ಇದೆ. ಉಬ್ಬಿದ ಕಪ್ ಅದನ್ನು ಮುಚ್ಚಿಬಿಟ್ಟರೆ ಕಾಲು ತೆಗೆದರೂ ಬ್ರೇಕ್ ಬಿಡುವುದಿಲ್ಲ. ಡ್ರಮ್ ಕಾಯುತ್ತದೆ, ಗಾಡಿ ಎಳೆಯುವುದಿಲ್ಲ, ಡ್ರೈವರ್ ಎಂಜಿನ್ನಿಗೆ ಬೈಯುತ್ತಾನೆ.

ಪರೀಕ್ಷೆ ಸುಲಭ. ಹಾಕುವ ಹಿಂದಿನ ದಿನ ರಾತ್ರಿ ಒಂದು ಕಪ್ಪನ್ನು ಲೋಟದಲ್ಲಿ ಬ್ರೇಕ್ ಆಯಿಲ್ ಹಾಕಿ ಮುಳುಗಿಸಿ ಇಡಿ. ಬೆಳಿಗ್ಗೆ ನೆನೆಸದ ಜೋಡಿಯ ಪಕ್ಕ ಇಟ್ಟು ನೋಡಿ. (ಆ ಲೋಟ ಮತ್ತೆ ಅಡುಗೆಮನೆಗೆ ಹೋಗಬಾರದು.) ಒಂದು ಮಾತು, ಎಂಜಿನ್ ಆಯಿಲ್ ಹತ್ತಿದ ಕೈಯಲ್ಲಿ ಈ ರಬ್ಬರ್ ಮುಟ್ಟಬೇಡಿ. ಅಂಥ ಎಣ್ಣೆ ತಾಗಿದರೆ ಒಳ್ಳೇ ಕಂಪನಿಯ ಕಪ್ಪೂ ಉಬ್ಬುತ್ತದೆ, ಆಮೇಲೆ ಮಾಲು ಸರಿ ಇಲ್ಲ ಎಂದು ಅಂಗಡಿಯವರ ಜೊತೆ ಜಗಳಕ್ಕೆ ಹೋಗುತ್ತೀರಿ.

ಹಾಗಂತ ಹಳೇದೆಲ್ಲ ಚಿನ್ನ ಎಂದು ನಂಬುವವನೂ ನಾನಲ್ಲ. ಮಿಲಿಟರಿ ಡಿಸ್ಪೋಸಲ್ ಮಾಲು ಎಂದು ಮೇಣದ ಕಾಗದ ಸುತ್ತಿದ ಪೊಟ್ಟಣ ತೋರಿಸುತ್ತಾರೆ. ಗೇರು, ಶಾಫ್ಟು, ಬೇರಿಂಗ್ ಆದರೆ ಕಣ್ಣು ಮುಚ್ಚಿ ತೆಗೆದುಕೊಳ್ಳುತ್ತೇನೆ. ಅದೇ ಪೊಟ್ಟಣದಲ್ಲಿ ರಬ್ಬರ್ ಇದ್ದರೆ ಬೇಡ. ಇಪ್ಪತ್ತು ಮೂವತ್ತು ವರ್ಷ ಮಲಗಿದ ರಬ್ಬರಿಗಿಂತ ಹೋದ ವರ್ಷ ಮಾಡಿದ ಲೋಕಲ್ ರಬ್ಬರ್ ಎಷ್ಟೋ ವಾಸಿ.

ನಟ್ಟು ಬೋಲ್ಟಿನ ಕಥೆ ಬೇರೆ. ಎಂಎಂ 540ಯಲ್ಲಿ ಎಂಜಿನ್ ಫ್ರಾನ್ಸಿನ ಪ್ಯೂಜೊ ವಿನ್ಯಾಸದ್ದು, 2112 ಸಿಸಿ, ಅದರ ನಟ್ಟೆಲ್ಲ ಮಿಲಿಮೀಟರ್ ಲೆಕ್ಕ. ಕೆಳಗಿನ ಹೌಸಿಂಗ್ ಅಮೆರಿಕದ ವಂಶದ್ದು, ಇಂಚಿನ ಲೆಕ್ಕ. ಒಂದೇ ಗಾಡಿಗೆ ಎರಡು ಸೆಟ್ ಪಾನಾ ಬೇಕು. 5/16 ಇಂಚು ಎಂದರೆ 7.94 ಮಿಲಿಮೀಟರ್. 8 ಮಿಲಿಮೀಟರಿನ ಬೋಲ್ಟ್ ಪಕ್ಕದಲ್ಲಿಟ್ಟರೆ ಕಣ್ಣಿಗೆ ವ್ಯತ್ಯಾಸ ಗೊತ್ತಾಗದು. ಅಗ್ಗದ ಕಿಟ್ಟುಗಳಲ್ಲಿ ಇಂಚಿನ ಜಾಗಕ್ಕೆ 8ರದ್ದನ್ನೇ ಹಾಕಿ ಕೊಟ್ಟಿರುತ್ತಾರೆ. ಬೆರಳಲ್ಲಿ ಒಂದೆರಡು ಸುತ್ತು ಹೋಗುತ್ತದೆ, ಆಮೇಲೆ ಬಿಗಿ. ಹುಡುಗರು ಸರಿಯಾಗಿ ಕೂತಿತು ಎಂದುಕೊಂಡು ಪಾನಾ ಹಾಕಿ ತಿರುಗಿಸುತ್ತಾರೆ, ಹೌಸಿಂಗಿನ ಥ್ರೆಡ್ಡೇ ಕಿತ್ತು ಬರುತ್ತದೆ. ಬೋಲ್ಟಿನ ದುಡ್ಡು ಎಷ್ಟು, ಥ್ರೆಡ್ ಕೂರಿಸುವ ದುಡ್ಡು ಎಷ್ಟು!

ಅಗ್ಗದ್ದು ಎಲ್ಲೆಲ್ಲಿ ನಡೆಯುತ್ತದೆ ಎಂದೂ ಹೇಳಬೇಕಲ್ವಾ. ಬಾಡಿ, ಮಡ್‌ಗಾರ್ಡ್, ಸೀಟು, ಹುಡ್, ಲೈಟು, ಕನ್ನಡಿ, ಹಾರ್ನ್, ಮೀಟರ್ ಇವಕ್ಕೆಲ್ಲ ನಾನು ಜಾಸ್ತಿ ಕೊಡುವುದಿಲ್ಲ. ಲೋಕಲ್ ಬಾಡಿ ತಗಡು 18 ಗೇಜ್ ಇದ್ದರೆ ಒರಿಜಿನಲ್ಲಿಗೆ ಏನೂ ಕಮ್ಮಿ ಇಲ್ಲ, ತೂತು ನಾಲ್ಕು ಕಡೆ ಕೂಡುವುದಿಲ್ಲ, ಡ್ರಿಲ್ ಹಿಡಿದರೆ ಮುಗಿಯಿತು. ಕೆಟ್ಟರೆ ಗಾಡಿ ನಿಲ್ಲಬಾರದು, ಉರುಳಬಾರದು, ಅಷ್ಟು ನೋಡಿಕೊಂಡರೆ ಸಾಕು. ಸೀಸನ್ನಿನಲ್ಲಿ ಆಳುಗಳನ್ನು ಕರೆದೊಯ್ಯುವ ಬಾಡಿಗೆ ಜೀಪಿನವರಿಗೆ ನಾನು ಬುದ್ಧಿ ಹೇಳಲು ಹೋಗುವುದಿಲ್ಲ. ಅವರಿಗೆ ನಾಳೆ ಬೆಳಿಗ್ಗೆ ಗಾಡಿ ಬೇಕು, ಒರಿಜಿನಲ್ ಬರುವವರೆಗೆ ಕಾಯುವ ಹಾಗಿಲ್ಲ. ಅವರ ಜೀಪು ಓಡುತ್ತಿರುವುದೇ ಲೋಕಲ್ ಮಾಲಿನಿಂದ.

ನನ್ನ ತಕರಾರು ಇರುವುದು ಬೇರೆ ಕಡೆ. ಹೊಸದು ಹಾಕಿದ ಕೂಡಲೇ ಹಳೆಯದನ್ನು ಗುಜರಿ ಮೂಟೆಗೆ ಎಸೆಯುತ್ತಾರಲ್ಲ, ಅದು. ಹಳೇ ಸ್ಟೀರಿಂಗ್ ಬಾಕ್ಸು, ಹಳೇ ಟ್ರಾನ್ಸ್‌ಫರ್ ಕೇಸಿನ ಶಾಫ್ಟು, ಹಳೇ ವೀಲ್ ಸಿಲಿಂಡರು, ಇವುಗಳ ಲೋಹ ಇನ್ನೂ ಚೆನ್ನಾಗಿಯೇ ಇರುತ್ತದೆ. ಸವೆದಿರುವುದು ಬುಷ್ ಮಾತ್ರ, ಅಥವಾ ಆಯಿಲ್ ಸೀಲ್ ಕೂರುವ ಕಡೆ ಒಂದು ಗೆರೆ. ಆ ಗೆರೆ ಇರುವವರೆಗೆ ಎಷ್ಟು ದುಬಾರಿ ಸೀಲ್ ಹಾಕಿದರೂ ಎಣ್ಣೆ ಸೋರುತ್ತದೆ. ಲೇತ್‌ನವರ ಹತ್ತಿರ ಒಯ್ದರೆ ತೆಳು ಸ್ಲೀವ್ (ಬಳೆಯಂಥ ಲೋಹದ ಕವಚ) ಕೂರಿಸಿ ಸಮ ಮಾಡಿಕೊಡುತ್ತಾರೆ. ಸಿಲಿಂಡರಿಗೆ ಒಳಗೆ ಹಿತ್ತಾಳೆಯ ಕೊಳವೆ ಕೂರಿಸಿ ಹಳೇ ಅಳತೆಗೆ ತರುತ್ತಾರೆ. ಖರ್ಚು ಅಗ್ಗದ ಹೊಸದಕ್ಕಿಂತ ಸ್ವಲ್ಪ ಜಾಸ್ತಿ, ಒರಿಜಿನಲ್ಲಿಗಿಂತ ಬಹಳ ಕಮ್ಮಿ. ಹಾಗಾಗಿ ಗ್ಯಾರೇಜಿಗೆ ಗಾಡಿ ಬಿಡುವಾಗಲೇ ಹೇಳಿಬಿಡುತ್ತೇನೆ, ಬಿಚ್ಚಿದ್ದೆಲ್ಲ ಸೀಟಿನ ಕೆಳಗೆ ಚೀಲದಲ್ಲಿ ಇರಬೇಕು ಎಂದು. ಮೊದಲು ಸಾಬ್ರ ಹುಡುಗರು ನಗುತ್ತಿದ್ದರು. ಈಗ ಅವರೇ ಬೇರೆಯವರ ಜೀಪಿನಿಂದ ಬಿಚ್ಚಿದ ಒರಿಜಿನಲ್ ಹೌಸಿಂಗ್ ಕವರ್, ಶ್ಯಾಕಲ್ ತೆಗೆದಿಟ್ಟು "ಬೇಕಾ ಗೌಡ್ರೆ?" ಎಂದು ಫೋನ್ ಮಾಡುತ್ತಾರೆ. ಗುಜರಿ ರೇಟಿನ ಮೇಲೆ ಟೀ ಖರ್ಚು ಸೇರಿಸಿ ಕೊಡುತ್ತೇನೆ.

ಪೆಟ್ರೋಲ್ ಜೀಪಿನಲ್ಲಿ ಎಂಜಿನ್ನಿಗೆ ಕಿಡಿ ಹೊತ್ತಿಸುವ ಪಾಯಿಂಟ್ ಮತ್ತು ಕಂಡೆನ್ಸರ್ ವಿಷಯದಲ್ಲೂ ಹೀಗೇ. ಹೊಸ ಕಂಡೆನ್ಸರ್‌ಗಳಲ್ಲಿ ಕೆಲವು ತಣ್ಣಗಿರುವಾಗ ಸರಿಯಾಗೇ ಇರುತ್ತವೆ, ಎಂಜಿನ್ ಕಾದ ಮೇಲೆ ಮಿಸ್ಸಿಂಗ್ ಶುರು. ಒಂದು ಹಳೆಯದು ಚೆನ್ನಾಗಿ ಓಡುತ್ತಿದ್ದರೆ "ಸರ್ವಿಸ್ ಆಯ್ತಲ್ಲ" ಎಂದು ಅದನ್ನು ಬದಲಾಯಿಸುವ ಗೋಜಿಗೆ ಹೋಗಬೇಡಿ. ನನ್ನ ಗಾಡಿಯಲ್ಲಿ ಹಳೆಯದೇ ಕೂತಿದೆ. ಅಗ್ಗದ ಹೊಸದು ಎರಡು ಟೂಲ್ ಬಾಕ್ಸಿನಲ್ಲಿವೆ, ದಾರಿಯಲ್ಲಿ ಕೈಕೊಟ್ಟರೆ ಮನೆ ಮುಟ್ಟಲು. ಅದರ ಪಕ್ಕದಲ್ಲೇ ಒಂದು ಅಗ್ಗದ ಯುಜೆ ಕ್ರಾಸೂ ಇದೆ, ಸಾಬ್ರು ಅರ ಹಾಕಿ ಬೇಡ ಎಂದದ್ದು. ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ.