ಹಿರೇಮಗಳೂರಿಗೆ ಎರಡು ಟಿಕೆಟ್

ಜನವರಿ ಮೊದಲ ವಾರ, ಬೆಳಿಗ್ಗೆ ಆರೂವರೆ. ಚಿಕ್ಕಮಗಳೂರಿನಲ್ಲಿ ರಸ್ತೆಯ ಆಚೆ ಬದಿಯ ಅಂಗಡಿ ಕಾಣದಷ್ಟು ಮಂಜು. ಅಪ್ಪ ಮಫ್ಲರ್ ಸುತ್ತಿಕೊಂಡು ಮುಂದೆ, ನಾನು ಹಿಂದೆ. ಹಿರೇಮಗಳೂರಿನ ಕೋದಂಡರಾಮನ ಗುಡಿಗೆ ಹೊರಟಿದ್ದೆವು.

ಅಪ್ಪ 1974ರಿಂದ ನಾಲ್ಕು ವರ್ಷ ಈ ಊರಿನಲ್ಲಿ ಕೆಲಸಕ್ಕಿದ್ದರು. ಈಗ ಎಪ್ಪತ್ತಾರು ವಯಸ್ಸು. ಇನ್ನೊಂದು ಸಲ ಇಲ್ಲಿ ಬಸ್ಸಿನಲ್ಲಿ ಓಡಾಡಬೇಕು ಅನ್ನೋದು ಅವರ ಆಸೆ. ಅದಕ್ಕೇ ಕಾರು ತರಲಿಲ್ಲ. ಹಾಸನ, ಬೇಲೂರು ದಾಟುವವರೆಗೂ ಹಳೆಯ ಖಾಸಗಿ ಬಸ್ಸುಗಳದ್ದೇ ಮಾತು. ಕೊಪ್ಪದ ಸಹಕಾರ ಸಾರಿಗೆಯ ವಿಷಯ ಬಂದಾಗ ಮಾತ್ರ ಅವರ ದನಿ ಸಣ್ಣಗಾಯಿತು. ಕೆಲಸಗಾರರೇ ಸೇರಿ 1991ರಲ್ಲಿ ಕಟ್ಟಿದ ಸಂಸ್ಥೆ ಅದು. 2020ರಲ್ಲಿ ಅದರ ಬಸ್ಸುಗಳು ನಿಂತವು.

ಒಂದು ಅಡ್ಡರಸ್ತೆಯಿಂದ ಹೊರಗೆ ಬಂದಾಗ ಎದುರಿಗೇ ಬಸ್ಸು. ಮುಂದಕ್ಕೆ ಚಾಚಿದ ಮೂತಿ, ಮೇಲೆ ಲಗೇಜು, ಕೈಬರಹದ ಬೋರ್ಡು: ಹಿರೇಮಗಳೂರು. ಒಳಗೆ ಶಾಲು ಹೊದ್ದ ಜನ ಕೂತಿದ್ದರು. ಬಾಗಿಲಲ್ಲಿ ಕಂಡಕ್ಟರ್. ಎಂಜಿನ್ ಸದ್ದು ಮಾಡುತ್ತಿತ್ತು. ಅಪ್ಪ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಬಾಗಿಲ ಕಂಬಿ ಹಿಡಿದು ಹತ್ತಿಯೇಬಿಟ್ಟರು. ನಾನೂ ಹತ್ತಿದೆ.

"ಹಿರೇಮಗಳೂರು ಎರಡು ಕೊಡಪ್ಪ" ಅಂದರು.

ಕಂಡಕ್ಟರ್ ಒಂದು ಕ್ಷಣ ಅಪ್ಪನ ಮುಖ ನೋಡಿದ. ಆಮೇಲೆ ಎರಡು ಟಿಕೆಟ್ ಹರಿದು ಕೈಗಿಟ್ಟ. ಬಸ್ಸು ಹೊರಟು ನಾಲ್ಕು ಮಾರು ಹೋಗಿತ್ತಷ್ಟೆ, ಎಲ್ಲಿಂದಲೋ "ಕಟ್! ಕಟ್!" ಅಂತ ಕೂಗು. ಮಂಜಿನೊಳಗಿಂದ ಜನ ಓಡಿ ಬಂದರು. ವಾಕಿಟಾಕಿ ಹಿಡಿದವರು, ಉದ್ದ ಕೋಲಿಗೆ ಮೈಕ್ ಕಟ್ಟಿಕೊಂಡವರು, ಥರ್ಮಾಕೋಲ್ ಹಲಗೆ ಎತ್ತಿಕೊಂಡವರು. ಅಷ್ಟು ಜನ ಅಲ್ಲೇ ಉಸಿರು ಬಿಗಿ ಹಿಡಿದು ನಿಂತಿದ್ದರು. ನಮಗೆ ಒಬ್ಬರೂ ಕಂಡಿರಲಿಲ್ಲ. ಬೇರೆ ದಾರಿಗಳಿಗೆಲ್ಲ ಹಗ್ಗ ಕಟ್ಟಿದ್ದರಂತೆ. ನಾವು ಬಂದ ಸಣ್ಣ ದಾರಿ ಯಾರ ಗಮನಕ್ಕೂ ಬಂದಿರಲಿಲ್ಲ.

ಅಪ್ಪನ ಮುಖ ಬಾಡಿಹೋಯಿತು. ಕೈಮುಗಿದು ಕೆಳಗಿಳಿದರು. ಯಾರೂ ಬೈಯಲಿಲ್ಲ. ಸಹಾಯಕ ನಿರ್ದೇಶಕ, ನನ್ನ ತಮ್ಮನ ವಯಸ್ಸಿನ ಹುಡುಗ, ಅವರನ್ನು ಮಡಚುವ ಕುರ್ಚಿಯಲ್ಲಿ ಕೂರಿಸಿ ಟೀ ತರಿಸಿದ. ಕೇಳಿದಾಗ ನನಗೆ ಮೆಲ್ಲಗೆ ಹೇಳಿದ. ಮಾತು, ಸದ್ದು ಎಲ್ಲ ಸ್ಥಳದಲ್ಲೇ ರೆಕಾರ್ಡ್ ಆಗುತ್ತೆ. ಆಮೇಲೆ ಡಬ್ಬಿಂಗ್ ಇಲ್ಲ. ಹಾಗಾಗಿ ಆ ಟೇಕ್ ಪೂರ್ತಿ ಹೋಯಿತು. ಬಸ್ಸನ್ನು ಹಿಂದಕ್ಕೆ ತೆಗೆಯಬೇಕು, ಎಲ್ಲರೂ ಮೊದಲಿನ ಜಾಗಕ್ಕೆ ಹೋಗಬೇಕು.

"ಅದೆಲ್ಲ ಮಾಡ್ಬಹುದು ಅಕ್ಕ. ಮಂಜು ಇರಬೇಕಲ್ವಾ" ಅಂದ.

ಹೊಗೆಯ ಯಂತ್ರ ಇದೆಯಲ್ಲ ಅಂದೆ. ಗಲ್ಲಿಯಲ್ಲಾದರೆ ಹೊಗೆ ನಿಲ್ಲುತ್ತೆ, ಇಷ್ಟು ಉದ್ದದ ರಸ್ತೆಯಲ್ಲಿ ಚದುರಿಹೋಗುತ್ತೆ ಅಂದ. ಲೈಟ್ ಹುಡುಗರು ನಾಲ್ಕು ಗಂಟೆಗೇ ಎದ್ದು ಬಂದಿದ್ದರು. ಎಲ್ಲರೂ ಸಿದ್ಧರಾಗಿ ಎರಡನೇ ಟೇಕ್‌ಗೆ ನಿಲ್ಲುವಷ್ಟರಲ್ಲಿ ಸೂರ್ಯ ಮೇಲೆ ಬಂದಿದ್ದ. ಅಂಗಡಿಗಳ ಬೀಗ ಕೂಡ ಕಾಣುವಷ್ಟು ರಸ್ತೆ ತಿಳಿಯಾಯಿತು. ನಿರ್ದೇಶಕರು ಬೆಟ್ಟದ ಕಡೆ ನೋಡಿದರು. "ನಾಳೆ" ಅಂದರು, ಅಷ್ಟೆ. ನನಗೆ ಅಳು ಬಂತು. ಅರವತ್ತು ಎಪ್ಪತ್ತು ಜನರ ಒಂದು ಬೆಳಗು ಅದು.

ಹೊರಡುವಾಗ ಅಪ್ಪ ಟಿಕೆಟ್ ವಾಪಸ್ ಕೊಡಲು ಹೋದರು. ಕಂಡಕ್ಟರ್ ವೇಷದ ನಟ ಬೇಡ ಅಂದ. "ನಾನು ನಿಜವಾದ ಕಂಡಕ್ಟರ್ ಥರ ಇದ್ದೀನಾ, ಯಜಮಾನ್ರೇ?" ಅಂತ ಕೇಳಿದ. ಅಪ್ಪ ಯೋಚಿಸಿ ಉತ್ತರ ಕೊಟ್ಟರು: "ಪೆನ್ಸಿಲ್ ಕಿವಿ ಮೇಲೆ ಇಟ್ಕೊ. ಜೇಬಲ್ಲಿ ಇಟ್ರೆ ನೂಕುನುಗ್ಗಲಲ್ಲಿ ಸಿಗಲ್ಲ." ಅವನು ಆಗಲೇ ಪೆನ್ಸಿಲ್ ತೆಗೆದು ಕಿವಿಗೆ ಸಿಕ್ಕಿಸಿಕೊಂಡ.

ಗುಡಿಗೆ ನಡೆದೇ ಹೋದೆವು. ಹಿರೇಮಗಳೂರು ಈಗ ನಗರಕ್ಕೆ ಸೇರಿಯೇ ಇದೆ. ಅಲ್ಲಿ ಸೀತೆ ರಾಮನ ಬಲಕ್ಕೆ, ಲಕ್ಷ್ಮಣ ಎಡಕ್ಕೆ. ಪರಶುರಾಮನಿಗೆ ಮದುವೆಯ ದಿನದಂತೆ ದರ್ಶನ ಕೊಟ್ಟದ್ದು ಹೀಗೆ ಅನ್ನುತ್ತಾರೆ. ಇಲ್ಲಿ ಪೂಜೆ ಕನ್ನಡದಲ್ಲಿ ನಡೆಯುತ್ತದೆ. ಪ್ರತಿ ಮಾತೂ ಅರ್ಥವಾಗುವ ಪೂಜೆಯಲ್ಲಿ ನಿಲ್ಲುವ ಸುಖವೇ ಬೇರೆ. ಅಪ್ಪ ಎಂದಿಗಿಂತ ಜಾಸ್ತಿ ಹೊತ್ತು ಕಣ್ಣು ಮುಚ್ಚಿ ನಿಂತರು. ಏನು ಬೇಡಿಕೊಂಡಿರಿ ಅಂತ ಕೇಳಿದೆ.

"ನಾಳೆ ಮಂಜು ಬೀಳಲಿ ಅಂತ."

ಮಾರನೇ ದಿನ ಐದೂವರೆಗೇ ಹೋಗಿ ಹಗ್ಗದ ಈಚೆ ನಿಂತೆವು. ನಮ್ಮ ಸಣ್ಣ ದಾರಿಗೂ ಇವತ್ತು ಹಗ್ಗ ಇತ್ತು. ಬಸ್ಸು ಸಿದ್ಧ, ಶಾಲಿನ ಜನ ಸಿದ್ಧ, ಕಂಡಕ್ಟರ್ ಕಿವಿಯಲ್ಲಿ ಪೆನ್ಸಿಲ್. ಆದರೆ ಮಂಜು ಇಲ್ಲ. ಏಳಾಯಿತು, ಏಳೂವರೆ ಆಯಿತು.

ಅಪ್ಪ ಹಗ್ಗದ ಹತ್ತಿರ ಹೋಗಿ ಆ ಸಹಾಯಕ ಹುಡುಗನನ್ನು ಕರೆದರು. "ರಾತ್ರಿಯಿಡೀ ಗಾಳಿ ಇತ್ತಪ್ಪ, ಅದಕ್ಕೆ. ಆಕಾಶ ತಿಳಿಯಾಗಿ ಗಾಳಿ ನಿಂತ ರಾತ್ರಿ ನೋಡ್ಕೊ. ಬೆಳಿಗ್ಗೆ ಬಂದೇ ಬರುತ್ತೆ."

ಹುಡುಗ ಅದನ್ನು ನಿರ್ದೇಶಕರಿಗೆ ಹೇಳಲು ಓಡಿದ. ಹತ್ತು ಗಂಟೆಗೆ ನಮ್ಮ ಬಸ್ಸಿತ್ತು. ಅಪ್ಪ ಎಂಟರವರೆಗೂ ಆ ಹಗ್ಗ ಹಿಡಿದು ನಿಂತೇ ಇದ್ದರು.