ಖಾಲಿ ಕಪಾಟುಗಳು, ತೂಕದ ಚೀಟಿ

ಏಳು ವರ್ಷ ನಮ್ಮ ಬೆನ್ನಿಗೆ ಅಂಟಿಕೊಂಡು ಬಂದ ಪುಟ್ಟ ಕ್ಯಾಂಪರನ್ನು ಮಾರಿ, ಅದರ ಎರಡರಷ್ಟು ಉದ್ದದ ಟ್ರಾವೆಲ್ ಟ್ರೇಲರ್, ಅಂದರೆ ವಾಹನದ ಹಿಂದೆ ಕಟ್ಟಿ ಎಳೆದೊಯ್ಯುವ ಚಕ್ರದ ಮನೆ, ತಂದು ಈಗ ಎಂಟು ತಿಂಗಳಾಯಿತು. ಹಳೆಯದರಲ್ಲಿ ಒಬ್ಬರು ಬಟ್ಟೆ ಬದಲಿಸಬೇಕೆಂದರೆ ಇನ್ನೊಬ್ಬರು ಹೊರಗೆ ಹೋಗಿ ನಿಲ್ಲಬೇಕಿತ್ತು. ಒಂದು ಒಲೆ, ಒಂದು ಕಪಾಟು, ಹಾಸಿಗೆಯ ಕೆಳಗೊಂದು ಗೂಡು, ಅಷ್ಟೇ ನಮ್ಮ ಸಂಸಾರ. ಹೊಸದನ್ನು ತಂದು ನಿಲ್ಲಿಸಿದ ಸಂಜೆ ಒಳಗೆ ನಿಂತು ಎಣಿಸಿದೆ: ಚಿಕ್ಕದು ದೊಡ್ಡದು ಸೇರಿ ಹದಿನೆಂಟು ಕಪಾಟುಗಳು, ಜೊತೆಗೆ ಹೊರಗಿನಿಂದ ತೆರೆಯುವ ಎರಡು ಉಗ್ರಾಣಗಳು, ಮುಂದೊಂದು, ಹಿಂದೊಂದು. ಎಲ್ಲವೂ ಖಾಲಿ. ಖಾಲಿ ಜಾಗ ಕಂಡರೆ ಏನನ್ನಾದರೂ ತಂದಿಡಬೇಕೆನ್ನಿಸುವುದು ನನ್ನ ದೌರ್ಬಲ್ಯವೆಂದು ನಾನು ತಿಳಿದಿದ್ದೆ. ಅದು ನಮ್ಮವರ ದೌರ್ಬಲ್ಯವೂ ಹೌದೆಂದು ಆಮೇಲೆ ಗೊತ್ತಾಯಿತು.

ಕೂಸು ಹುಟ್ಟುವ ಮುನ್ನ ಕುಲಾವಿ ಎಂಬಂತೆ, ಟ್ರೇಲರ್ ಕೈಗೆ ಬರುವ ಎರಡು ವಾರ ಮೊದಲೇ ಸಾಮಾನು ಬರತೊಡಗಿತ್ತು. ಮಡಿಸುವ ಕುರ್ಚಿಗಳು ನಾಲ್ಕು, ದೊಡ್ಡ ಉಪಕರಣದ ಪೆಟ್ಟಿಗೆ, ಎರಡು ಬಗೆಯ ಜ್ಯಾಕ್, ನೆಲಕ್ಕೆ ಹಾಸುವ ರಬ್ಬರ್ ಚಾಪೆ, ಎರಕದ ಕಬ್ಬಿಣದ ಬಾಣಲೆಗಳು. ಬಾಗಿಲಿನ ಒಳಬದಿಗೆ ಅಂಟಿಸಿದ್ದ ಹಳದಿ ಚೀಟಿಯನ್ನು ನಾವಿಬ್ಬರೂ ಓದಿರಲಿಲ್ಲ. ಅದರಲ್ಲಿ ಬರೆದಿದ್ದ ಲೆಕ್ಕ ಸರಳವಾಗಿತ್ತು: ಕಾರ್ಖಾನೆಯಿಂದ ಹೊರಬಂದ ಮೇಲೆ ಈ ಟ್ರೇಲರ್‌ಗೆ ಸೇರಿಸಬಹುದಾದ ಸಾಮಾನಿನ ಒಟ್ಟು ತೂಕ 520 ಕಿಲೋ. ಓದಿದಾಗ ಧಾರಾಳವಾಗಿಯೇ ಇದೆ ಎನ್ನಿಸಿತು. ಆದರೆ ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ, ನಮ್ಮ ಸಿಹಿನೀರಿನ ಟ್ಯಾಂಕು ಹಿಡಿಯುವುದು 160 ಲೀಟರ್. ತುಂಬಿಸಿಕೊಂಡು ಹೊರಟರೆ ಉಳಿಯುವುದು 360. ಅದರಲ್ಲಿ ನಾವು ಸೇರಿಸುವ ಬ್ಯಾಟರಿ, ಹಾಸಿಗೆ, ಪಾತ್ರೆ, ಬಟ್ಟೆ, ದಿನಸಿ ಎಲ್ಲವೂ ಬರಬೇಕು. ಹದಿನೆಂಟು ಕಪಾಟುಗಳನ್ನು ಮಾಡಿಕೊಟ್ಟವರು ಅವುಗಳನ್ನು ತುಂಬಿಸಲು ಅನುಮತಿಯನ್ನೇನೂ ಕೊಟ್ಟಿರಲಿಲ್ಲ.

ಮೊದಲ ಪ್ರಯಾಣದಲ್ಲೇ ಅದರ ಫಲ ಕಂಡಿತು. ಹೆದ್ದಾರಿಯಲ್ಲಿ ಲಾರಿಯೊಂದು ಪಕ್ಕದಿಂದ ದಾಟಿ ಹೋದಾಗ ಟ್ರೇಲರಿನ ಹಿಂಭಾಗ ನಿಧಾನವಾಗಿ ಆಚೀಚೆ ಓಲಾಡಿತು, ನಿಂತಿತು, ಇಳಿಜಾರಿನಲ್ಲಿ ಮತ್ತೆ ಓಲಾಡಿತು. ಹಳೆಯ ಕ್ಯಾಂಪರ್ ಒಮ್ಮೆಯೂ ಹೀಗೆ ಮಾಡಿರಲಿಲ್ಲ. ವೇಗ ತಗ್ಗಿಸಿ, ಉಸಿರು ಬಿಗಿಹಿಡಿದುಕೊಂಡೇ ಉಳಿದ ದಾರಿ ಕಳೆದೆವು.

ಎತ್ತಿನ ಗಾಡಿ ಹೇರುವವರಿಗೆ ಮುಂಭಾರ, ಹಿಂಭಾರ ಎಂಬ ಮಾತುಗಳು ಗೊತ್ತು. ಮುಂಭಾರ ಹೆಚ್ಚಾದರೆ ಎತ್ತಿನ ಹೆಗಲು ನುಗ್ಗಾಗುತ್ತದೆ. ಹಿಂಭಾರ ಹೆಚ್ಚಾದರೆ ಮೂಕಿ ಮೇಲಕ್ಕೆದ್ದು ನೊಗ ಕತ್ತಿಗೆ ಬರುತ್ತದೆ. ಟ್ರೇಲರ್‌ಗೂ ಅದೇ ನ್ಯಾಯ. ಇದರ ಮೂಕಿ ವಾಹನದ ಹಿಂದಿರುವ ಹಿಚ್ಚಿನ (ಟ್ರೇಲರ್ ಸಿಕ್ಕಿಸುವ ಕೊಂಡಿಯ) ಮೇಲೆ ಊರುವ ಭಾರ ಟ್ರೇಲರಿನ ಒಟ್ಟು ತೂಕದ 10ರಿಂದ 15 ಶೇಕಡದೊಳಗೆ ಇರಬೇಕು. ಅದಕ್ಕಿಂತ ಕಡಿಮೆಯಾದರೆ ಓಲಾಟ ಶುರುವಾಗುತ್ತದೆ, ಹೆಚ್ಚಾದರೆ ವಾಹನದ ಹಿಂದಿನ ಅಚ್ಚು ಕುಸಿದು ಮುಂದಿನ ಚಕ್ರಗಳ ಹಿಡಿತ ಸಡಿಲವಾಗುತ್ತದೆ. ಊರಿಗೆ ಮರಳಿದ ಮೇಲೆ ನಾವು ಮಾಡಿದ ಮೊದಲ ಒಳ್ಳೆಯ ಕೆಲಸವೆಂದರೆ ವೇಬ್ರಿಡ್ಜಿಗೆ ಹೋದದ್ದು. ಟ್ರೇಲರನ್ನು ಬಿಚ್ಚಿ ಅದೊಂದನ್ನೇ ತೂಗಿದೆವು: 3,050 ಕಿಲೋ. ಆಮೇಲೆ ವಾಹನವನ್ನು ಒಂದನ್ನೇ ತೂಗಿ, ಮತ್ತೆ ಟ್ರೇಲರ್ ಕಟ್ಟಿಕೊಂಡು, ಆದರೆ ವಾಹನದ ಚಕ್ರಗಳಷ್ಟೇ ತಕ್ಕಡಿಯ ಮೇಲಿರುವಂತೆ ನಿಲ್ಲಿಸಿ ತೂಗಿದೆವು. ಎರಡರ ವ್ಯತ್ಯಾಸವೇ ಮೂಕಿಯ ಭಾರ: 280 ಕಿಲೋ, ಅಂದರೆ ಶೇಕಡ 9ಕ್ಕೆ ಸ್ವಲ್ಪ ಮೇಲೆ. ಉಪಕರಣದ ಪೆಟ್ಟಿಗೆ, ಜ್ಯಾಕುಗಳು, ಕುರ್ಚಿಗಳು, ಮರದ ದಿಮ್ಮಿಗಳು ಎಲ್ಲವೂ ಹಿಂದಿನ ಉಗ್ರಾಣದಲ್ಲಿದ್ದವು, ಏಕೆಂದರೆ ಅದರ ಬಾಗಿಲು ದೊಡ್ಡದು. ಸುಮಾರು 80 ಕಿಲೋದಷ್ಟು ಸಾಮಾನನ್ನು ಹಿಂದಿನಿಂದ ಮುಂದಿನ ಉಗ್ರಾಣಕ್ಕೆ ಸಾಗಿಸಿ ಮತ್ತೆ ತೂಗಿದಾಗ ಮೂಕಿಯ ಭಾರ 350ಕ್ಕೆ ಬಂತು. ಒಂದೂ ಹೊಸ ವಸ್ತು ಕೊಳ್ಳದೆ ಓಲಾಟ ಬಹುಪಾಲು ನಿಂತುಹೋಯಿತು.

ಬಹುಪಾಲು ಎಂದೆ, ಏಕೆಂದರೆ ಉಳಿದದ್ದಕ್ಕೆ ಹಿಚ್ ಬದಲಿಸಬೇಕಾಯಿತು. ತೂಕ ಹಂಚುವ ಹಿಚ್ಚಿನಲ್ಲಿ ಎರಡು ಉಕ್ಕಿನ ಸ್ಪ್ರಿಂಗ್ ಸರಳುಗಳಿರುತ್ತವೆ. ಅವು ಸನ್ನೆಗೋಲಿನಂತೆ ಕೆಲಸ ಮಾಡಿ, ಹಿಂದಿನ ಅಚ್ಚಿನ ಮೇಲೆ ಬಿದ್ದ ಭಾರದ ಒಂದಷ್ಟನ್ನು ವಾಹನದ ಮುಂದಿನ ಅಚ್ಚಿಗೂ ಟ್ರೇಲರಿನ ಅಚ್ಚುಗಳಿಗೂ ಹಿಂತಿರುಗಿಸುತ್ತವೆ. ಓಲಾಟ ತಡೆಯುವ ಘರ್ಷಣೆಯ ವ್ಯವಸ್ಥೆಯೂ ನಾವು ಕೊಂಡದ್ದರಲ್ಲೇ ಇತ್ತು. ಆದರೆ ಇಂಥ ಹಿಚ್ ವಾಹನದ ಸಾಮರ್ಥ್ಯವನ್ನು ಹೆಚ್ಚಿಸುವುದಿಲ್ಲ, ತಪ್ಪಾಗಿ ಹೇರಿದ ಸಾಮಾನನ್ನು ಸರಿಪಡಿಸುವುದೂ ಇಲ್ಲ. ಮೊದಲು ತೂಗಿ, ಆಮೇಲೆ ಹಿಚ್ ಕೊಳ್ಳಬೇಕು. ನಾವು ತಲೆಕೆಳಗಾಗಿ ಮಾಡಿದ್ದರೆ ಹಣವನ್ನೂ ಕಳೆದುಕೊಂಡು ಓಲಾಟವನ್ನೂ ಉಳಿಸಿಕೊಳ್ಳುತ್ತಿದ್ದೆವು.

ಮಟ್ಟಸ ಮಾಡುವುದು ಹೊಸದಾಗಿ ಕಲಿತ ಇನ್ನೊಂದು ವಿದ್ಯೆ. ಹಳೆಯ ಕ್ಯಾಂಪರನ್ನು ಇಬ್ಬರೂ ಕೈಕೊಟ್ಟು ದೂಡಿ ಸರಿಯಾದ ಜಾಗಕ್ಕೆ ತರುತ್ತಿದ್ದೆವು. ಮೂರು ಟನ್ನಿನ ಟ್ರೇಲರ್ ಅಂಥ ಮಾತಿಗೆ ಕಿವಿಗೊಡುವುದಿಲ್ಲ. ಗಾರೆಯವರ ಬಳಿ ಇರುವಂಥ ಒಂದು ಅಡಿಯ ರಸಮಟ್ಟವನ್ನು ಬಾಗಿಲ ಬಳಿ ನೆಲದ ಮೇಲಿಟ್ಟು, ಮೊದಲು ಎಡಬಲದ ಓರೆಯನ್ನು ನೋಡಬೇಕು. ತಗ್ಗಾದ ಬದಿಯ ಚಕ್ರಗಳನ್ನು ಪ್ಲಾಸ್ಟಿಕ್ ದಿಮ್ಮಿಗಳ ಮೇಲೆ ಹತ್ತಿಸಬೇಕು. ಇದನ್ನು ವಾಹನಕ್ಕೆ ಕಟ್ಟಿರುವಾಗಲೇ ಮುಗಿಸಬೇಕು. ಚಕ್ರಗಳಿಗೆ ಎರಡೂ ಕಡೆಯಿಂದ ಅಡೆ ಕೊಟ್ಟ ಮೇಲೆಯೇ ಕೊಂಡಿ ಬಿಚ್ಚಿ, ಹಿಂದುಮುಂದಿನ ಮಟ್ಟವನ್ನು ಮೂಕಿಯ ಜ್ಯಾಕಿನಿಂದ ಸರಿಪಡಿಸಬೇಕು. ನಾಲ್ಕು ಮೂಲೆಗಳ ಊರುಗಾಲುಗಳು ಕೊನೆಯಲ್ಲಿ. ಅವು ನಡೆದಾಡುವಾಗ ಆಗುವ ಅಲುಗಾಟವನ್ನು ತಡೆಯುವುದಕ್ಕಷ್ಟೇ ಇರುವವು. ಅವುಗಳಿಂದ ಟ್ರೇಲರನ್ನು ಎತ್ತಲು ಹೋದರೆ ಚೌಕಟ್ಟು ತಿರುಚಿಕೊಂಡು ಬಾಗಿಲು ಸರಿಯಾಗಿ ಮುಚ್ಚದಂತಾಗುತ್ತದೆ.

ವಿದ್ಯುತ್ತಿನ ವಿಷಯಕ್ಕೆ ಬರುತ್ತೇನೆ. ನಮ್ಮ ಹಣ ಹೆಚ್ಚು ಹೋದದ್ದು ಇಲ್ಲಿ, ಹೋದದ್ದಕ್ಕೆ ಬೇಸರವಿಲ್ಲದ್ದೂ ಇಲ್ಲೇ. ಹಳೆಯ ಕ್ಯಾಂಪರಿನಲ್ಲಿ ಎರಡು ದೀಪ ಹಚ್ಚಿ ಫೋನ್ ಚಾರ್ಜ್ ಮಾಡುವುದಕ್ಕೆ 100 ಆಂಪಿಯರ್-ಅವರ್‌ನ (ಬ್ಯಾಟರಿ ಹಿಡಿದಿಡುವ ವಿದ್ಯುತ್ತಿನ ಅಳತೆ) ಒಂದು ಲೆಡ್ ಆಸಿಡ್ ಬ್ಯಾಟರಿ ನಾಲ್ಕು ದಿನ ಬರುತ್ತಿತ್ತು. ಹೊಸದರ ಜೊತೆಗೂ ಅದೇ ಅಳತೆಯ ಬ್ಯಾಟರಿಯನ್ನೇ ಕೊಟ್ಟಿದ್ದರು. ಎರಡನೆಯ ಪ್ರಯಾಣದ ರಾತ್ರಿ, ಬೆಳಗಿನ ಜಾವ ಮೂರು ಗಂಟೆಯ ಹೊತ್ತಿಗೆ ಮೂಗಿನ ತುದಿ ತಣ್ಣಗಾಗಿ ಎಚ್ಚರವಾಯಿತು. ಹೀಟರ್ ನಿಂತಿತ್ತು. ಸಿಲಿಂಡರಿನಲ್ಲಿ ಗ್ಯಾಸ್ ತುಂಬ ಇತ್ತು, ಆದರೆ ಬಿಸಿಗಾಳಿಯನ್ನು ಊದುವ ಫ್ಯಾನಿಗೆ ಬ್ಯಾಟರಿಯಲ್ಲಿ ಶಕ್ತಿಯಿರಲಿಲ್ಲ. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಪದೇಪದೇ ಇಳಿಸಿದರೆ ಅದರ ಆಯುಷ್ಯ ಕುಗ್ಗುತ್ತದೆಯಾದ್ದರಿಂದ, 100 ಎಂದು ಬರೆದಿದ್ದರೂ ನೆಮ್ಮದಿಯಿಂದ ಬಳಸಬಹುದಾದದ್ದು 50. ನಮ್ಮ ಫ್ರಿಜ್ 12 ವೋಲ್ಟಿನ ಕಂಪ್ರೆಸರಿನದು, ದಿನಕ್ಕೆ ಸುಮಾರು 70 ಆಂಪಿಯರ್-ಅವರ್ ಅದೊಂದೇ ತಿನ್ನುತ್ತದೆ. ಉಳಿದದ್ದನ್ನು ಹೇಳಬೇಕಿಲ್ಲ.

ಅದರ ಬದಲಿಗೆ 100ರ ಎರಡು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗಳನ್ನು ಹಾಕಿಸಿದೆವು. 12.8 ವೋಲ್ಟಿನ ಲೆಕ್ಕದಲ್ಲಿ ಎರಡೂ ಸೇರಿ 2,560 ವ್ಯಾಟ್-ಅವರ್. ಅದರಲ್ಲಿ ಶೇಕಡ 80ಕ್ಕಿಂತ ಹೆಚ್ಚನ್ನು ಅಂಜಿಕೆಯಿಲ್ಲದೆ ಬಳಸಬಹುದು. ತೂಕವೂ ಲೆಡ್ಡಿನದಕ್ಕೆ ಹೋಲಿಸಿದರೆ ಅರ್ಧಕ್ಕಿಂತ ಕಡಿಮೆ, ಹಾಗಾಗಿ ಎರಡು ಹಾಕಿಸಿದರೂ ತೂಕದ ಲೆಕ್ಕ ಏರಲಿಲ್ಲ. ಆದರೆ ಇದು ಒಂದನ್ನು ಕಿತ್ತು ಇನ್ನೊಂದನ್ನು ಇಡುವ ಕೆಲಸವಲ್ಲ. ಶೂನ್ಯ ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಈ ಬ್ಯಾಟರಿಗಳನ್ನು ಚಾರ್ಜ್ ಮಾಡಬಾರದು, ಆದ್ದರಿಂದ ಮೂಕಿಯ ಮೇಲಿನ ಪೆಟ್ಟಿಗೆಯಿಂದ ಹಾಸಿಗೆಯ ಕೆಳಕ್ಕೆ ಅವುಗಳನ್ನು ಸಾಗಿಸಿದೆವು. ಹಳೆಯ ಚಾರ್ಜರ್ ಲಿಥಿಯಮ್ಮಿಗೆ ಬೇಕಾದ 14.4 ವೋಲ್ಟನ್ನು ಕೊಡುತ್ತಿರಲಿಲ್ಲ, ಅದನ್ನು ಬದಲಿಸಿದೆವು. ಓಡುವಾಗ ವಾಹನದ ಆಲ್ಟರ್ನೇಟರಿನಿಂದ (ಎಂಜಿನ್ನಿನಿಂದ ತಿರುಗಿ ವಿದ್ಯುತ್ ಹುಟ್ಟಿಸುವ ಯಂತ್ರ) ಮಿತಿಮೀರಿ ಕರೆಂಟ್ ಎಳೆಯದಂತೆ ನಡುವೆ ಡಿಸಿ-ಡಿಸಿ ಚಾರ್ಜರ್ ಒಂದನ್ನು ಕೂರಿಸಿದೆವು. ಇದೆಲ್ಲದರ ನಡುವೆ ಮರೆತೇಹೋಗುತ್ತಿದ್ದ ಒಂದು ಸಣ್ಣ ತಂತಿಯಿತ್ತು: ಟ್ರೇಲರ್ ಅಕಸ್ಮಾತ್ ಕಳಚಿಕೊಂಡರೆ ತಾನೇ ಬ್ರೇಕ್ ಹಾಕಿಕೊಳ್ಳುವಂತೆ ಮಾಡುವ ಬ್ರೇಕ್‌ಅವೇ ಸ್ವಿಚ್ಚಿನದು. ಆ ಸ್ವಿಚ್ಚಿಗೆ ಶಕ್ತಿ ಬರುವುದು ಟ್ರೇಲರಿನ ಬ್ಯಾಟರಿಯಿಂದಲೇ. ಬ್ಯಾಟರಿ ಜಾಗ ಬದಲಿಸಿದವರು ಆ ತಂತಿ ಮತ್ತೆ ಸೇರಿದೆಯೇ ಎಂದು ಪಿನ್ ಎಳೆದು ಪರೀಕ್ಷಿಸಿ ನೋಡಲೇಬೇಕು.

ಇನ್ವರ್ಟರ್ ವಿಷಯದಲ್ಲಿ ನಮ್ಮಿಬ್ಬರಿಗೂ ಒಂದು ಸಂಜೆಯಿಡೀ ವಾದವಾಯಿತು. ಅವರಿಗೆ ವಿದ್ಯುತ್ ಕೆಟಲ್ ಬೇಕಿತ್ತು. ಕಾಗದ ತೆಗೆದುಕೊಂಡು ಲೆಕ್ಕ ಬರೆದು ತೋರಿಸಿದೆ: 1,500 ವ್ಯಾಟನ್ನು 12.8ರಿಂದ ಭಾಗಿಸಿದರೆ 117 ಆಂಪಿಯರ್, ಇನ್ವರ್ಟರಿನಲ್ಲಿ ಸೋರಿಹೋಗುವುದನ್ನು ಸೇರಿಸಿದರೆ 130ರ ಹತ್ತಿರ. ಅಷ್ಟು ಕರೆಂಟ್ ಹರಿಯಲು ಹೆಬ್ಬೆರಳು ಗಾತ್ರದ ಕೇಬಲ್ ಬೇಕು, ಬ್ಯಾಟರಿಯ ಪಕ್ಕದಲ್ಲೇ ತಕ್ಕ ಫ್ಯೂಸ್ ಬೇಕು. “ರೀ, ಒಲೆಯ ಮೇಲೆ ಐದು ನಿಮಿಷದಲ್ಲಿ ಕುದಿಯುವ ನೀರಿಗೆ ಇಷ್ಟೆಲ್ಲ ಬೇಕೇ?” ಎಂದೆ. “ನೀನು ಲೆಕ್ಕ ಬರೆದು ತೋರಿಸಿದರೆ ನನಗೆ ಮಾತು ಹೊರಡುವುದಿಲ್ಲ” ಎಂದು ಅವರು ಎದ್ದುಹೋದರು. ಲ್ಯಾಪ್‌ಟಾಪಿಗೂ ಮಿಕ್ಸರಿಗೂ ಸಾಕಾಗುವ 1,000 ವ್ಯಾಟಿನದನ್ನೇ ಕೊಂಡೆವು.

ಲೆಕ್ಕ ಬರೆಯುವ ನಾನೂ ನೀರಿನ ಹೀಟರ್ ಮುಂದೆ ಸೋತೆ. ಅದು ಗ್ಯಾಸಿನಿಂದಲೂ ವಿದ್ಯುತ್ತಿನಿಂದಲೂ ಕಾಯುವಂಥದ್ದು. ತಂಗುದಾಣದಲ್ಲಿ ವಿದ್ಯುತ್ ಸಂಪರ್ಕ ಕೊಟ್ಟ ಕೂಡಲೇ ನಾನು ಉತ್ಸಾಹದಿಂದ ಅದರ ಸ್ವಿಚ್ ಹಾಕಿದೆ. ಹೀಟರಿನ ಟ್ಯಾಂಕಿಗೆ ಇನ್ನೂ ನೀರು ತುಂಬಿರಲಿಲ್ಲ. ನೀರಿನಲ್ಲಿ ಮುಳುಗಿರಬೇಕಾದ ಕಾಯಿಲ್ ಬರಿಯ ಗಾಳಿಯಲ್ಲಿ ಕೆಂಪಗೆ ಕಾದು, ಕೆಲವೇ ನಿಮಿಷಗಳಲ್ಲಿ ಸುಟ್ಟುಹೋಯಿತು. ಬಿಚ್ಚಿ ನೋಡಿದಾಗ ಅದರ ಹೊರಕವಚ ಒಡೆದು, ಒಳಗಿನ ಬಿಳಿಯ ಪುಡಿ ಬೆರಳಿಗೆ ಅಂಟುತ್ತಿತ್ತು. ಈಗ ಆ ಸ್ವಿಚ್ಚಿನ ಮೇಲೆ ಕೆಂಪು ಟೇಪಿದೆ. ಬಿಸಿನೀರಿನ ನಲ್ಲಿ ತಿರುಗಿಸಿ, ಗಾಳಿಯ ಗುಟುರು ನಿಂತು ನೀರು ಒಂದೇ ಧಾರೆಯಾಗಿ ಬಂದ ಮೇಲಷ್ಟೇ ಆ ಟೇಪನ್ನು ತೆಗೆಯುವುದು.

ನೀರಿಗೆ ಸಂಬಂಧಿಸಿದ ಉಳಿದ ಸಾಮಾನುಗಳಲ್ಲಿ ಒತ್ತಡ ತಗ್ಗಿಸುವ ರೆಗ್ಯುಲೇಟರ್ ತಪ್ಪದೆ ಬೇಕಾದದ್ದು. ಹೊರಗಿನ ನಲ್ಲಿಯ ಒತ್ತಡ ಎಷ್ಟಿರುತ್ತದೆಂದು ಹೇಳಲಾಗದು, ಟ್ರೇಲರಿನ ಪ್ಲಾಸ್ಟಿಕ್ ಪೈಪುಗಳಿಗಾದರೋ 40ರಿಂದ 60 ಪಿಎಸ್‌ಐ ಒಳಗಿದ್ದರೆ ಹಿತ. ಅದನ್ನು ನಲ್ಲಿಯ ಬಾಯಿಗೇ ಹಾಕಿದರೆ ಪೈಪೂ ಉಳಿಯುತ್ತದೆ. ಕುಡಿಯುವ ನೀರಿನ ಪೈಪು ಬೇರೆ, ಕೊಳಚೆ ತೊಳೆಯುವ ಪೈಪು ಬೇರೆ. ಎರಡಕ್ಕೂ ಬೇರೆ ಬಣ್ಣ, ಬೇರೆ ಉಗ್ರಾಣ. ಶೌಚದ ಟ್ಯಾಂಕಿನ ಬಗ್ಗೆ ಹೆಚ್ಚು ಬರೆಯಲು ಮನಸ್ಸಿಲ್ಲ. ಅದರ ಕವಾಟವನ್ನು ಸದಾ ತೆರೆದಿಟ್ಟರೆ ನೀರೆಲ್ಲ ಹರಿದುಹೋಗಿ ಗಟ್ಟಿಯಾದದ್ದು ಗುಡ್ಡೆಕಟ್ಟುತ್ತದೆ, ಆದ್ದರಿಂದ ಮುಕ್ಕಾಲಿನ ಹತ್ತಿರ ತುಂಬುವ ತನಕ ಮುಚ್ಚಿಟ್ಟು, ಮೊದಲು ಅದನ್ನು ಖಾಲಿಮಾಡಿ, ಆಮೇಲೆ ಸ್ನಾನದ ನೀರನ್ನು ಬಿಟ್ಟರೆ ಪೈಪು ತಾನೇ ತೊಳೆದುಕೊಳ್ಳುತ್ತದೆ.

ಹಾಸಿಗೆಯದು ಹಗುರವಾದ ಕಥೆ. ಕ್ವೀನ್ ಅಳತೆಯೆಂದು ಬರೆದಿದ್ದನ್ನು ನಂಬಿ ಮನೆಯ ಹೊದಿಕೆಗಳನ್ನೇ ಒಯ್ದೆ. ಮನೆಯ ಕ್ವೀನ್ ಹಾಸಿಗೆ 80 ಅಂಗುಲ ಉದ್ದ, ಟ್ರೇಲರಿನದು ಹೆಸರು ಅದೇ ಇಟ್ಟುಕೊಂಡು 74 ಅಂಗುಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತನ್ನು ಇಷ್ಟು ಅಕ್ಷರಶಃ ಪಾಲಿಸಬೇಕಾಗಬಹುದೆಂದು ಆರಡಿ ಎತ್ತರದ ನಮ್ಮವರು ಎಣಿಸಿರಲಿಲ್ಲ. ಈಗ ಅವರು ಕರ್ಣರೇಖೆಯಲ್ಲಿ ಮಲಗುತ್ತಾರೆ, ನಾನು ಉಳಿದ ತ್ರಿಕೋನದಲ್ಲಿ.

ಟೈರುಗಳ ವಿಷಯ ಮಾತ್ರ ಹಗುರವಲ್ಲ. ಟ್ರೇಲರ್ ಹೊಸದೆಂದ ಮಾತ್ರಕ್ಕೆ ಟೈರ್ ಹೊಸದಿರಬೇಕೆಂದಿಲ್ಲ. ಅದರ ಪಕ್ಕದಲ್ಲಿ ಅಚ್ಚಾದ ನಾಲ್ಕಂಕಿಯ ಸಂಖ್ಯೆಯಲ್ಲಿ ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ. ಟ್ರೇಲರಿನ ಟೈರುಗಳು ಸವೆಯುವ ಮೊದಲೇ ವಯಸ್ಸಾಗಿ ಕೆಡುತ್ತವೆ. ಪ್ರತಿ ಚಕ್ರಕ್ಕೂ ಗಾಳಿಯ ಒತ್ತಡ ತಿಳಿಸುವ ಸೆನ್ಸರ್ ಹಾಕಿಸಿದೆವು, ಏಕೆಂದರೆ ಹಿಂದೆ ಟೈರ್ ಒಡೆದರೂ ಮುಂದೆ ಕುಳಿತವರಿಗೆ ತಕ್ಷಣ ತಿಳಿಯುವುದಿಲ್ಲ. ನಟ್ಟುಗಳನ್ನು ಅಳತೆಯ ಬಲದಿಂದ ಬಿಗಿಯುವ ಟಾರ್ಕ್ ರೆಂಚ್ ಕೊಂಡದ್ದು ನಮ್ಮವರ ಹಠದಿಂದ. ಮೊದಲ 100 ಕಿಲೋಮೀಟರ್ ಓಡಿದ ಮೇಲೆ ನಟ್ಟುಗಳನ್ನು ಅದರಿಂದ ಬಿಗಿದು ನೋಡಿದಾಗ ಎರಡು ನಟ್ಟುಗಳು ಕಾಲು ಸುತ್ತು ತಿರುಗಿದವು. ಆ ಖರೀದಿಯ ಬಗ್ಗೆ ನಾನು ಮತ್ತೆ ಮಾತಾಡಿಲ್ಲ. ಬೆಂಕಿ ಆರಿಸುವ ಸಿಲಿಂಡರ್ ಬಾಗಿಲ ಪಕ್ಕದಲ್ಲಿದೆ. ಗ್ಯಾಸ್ ಸೋರಿಕೆ ತಿಳಿಸುವ ಅಲಾರಂ ನೆಲದ ಸಮೀಪದಲ್ಲಿದೆ, ಏಕೆಂದರೆ ಅಡುಗೆ ಅನಿಲ ಗಾಳಿಗಿಂತ ಭಾರವಾಗಿದ್ದು ಕೆಳಗೇ ಶೇಖರವಾಗುತ್ತದೆ. ಅದರ ಮುಂದೆ ಚಪ್ಪಲಿ ಗೂಡನ್ನು ಇಡಬಾರದೆಂದು ನಾವು ಇಟ್ಟ ಮೇಲೆ ಹೊಳೆಯಿತು.

ಈಗ ಬಾಗಿಲ ಬಳಿ ದಾರ ಕಟ್ಟಿ ತೂಗುಹಾಕಿದ ಒಂದು ನೋಟುಪುಸ್ತಕವಿದೆ. ಒಳಗೆ ಬರುವ ಪ್ರತಿ ವಸ್ತುವನ್ನೂ ಸಾಮಾನು ತೂಗುವ ಕೊಕ್ಕೆಯ ತಕ್ಕಡಿಗೆ ಸಿಕ್ಕಿಸಿ, ಅದರ ತೂಕವನ್ನೂ ಇಡುವ ಜಾಗವನ್ನೂ ಬರೆಯುತ್ತೇವೆ. ಎರಡು ಪ್ರಯಾಣದಲ್ಲಿ ಒಮ್ಮೆಯೂ ಮುಟ್ಟದ ವಸ್ತುವಿನ ಮೇಲೆ ಗೆರೆ ಬೀಳುತ್ತದೆ, ಬೆಂಕಿ ಸಿಲಿಂಡರಿನಂಥವುಗಳನ್ನು ಬಿಟ್ಟು. ಎರಡು ಕುರ್ಚಿಗಳು, ಒಂದು ಜ್ಯಾಕ್, ರಬ್ಬರ್ ಚಾಪೆ ಹೋಗಿವೆ. ಹದಿನೆಂಟರಲ್ಲಿ ಏಳು ಕಪಾಟುಗಳು ಖಾಲಿಯಿವೆ. ಕಳೆದ ವಾರ ಪುಟ ತಿರುಗಿಸುವಾಗ ನನ್ನ ಎರಕದ ಬಾಣಲೆಗಳ ಎದುರು, ಒಟ್ಟು 6 ಕಿಲೋ 400 ಗ್ರಾಂ ಎಂದಿರುವಲ್ಲಿ, ನಮ್ಮವರ ಅಕ್ಷರದಲ್ಲಿ ಪೆನ್ಸಿಲಿನ ಒಂದು ಪ್ರಶ್ನಾರ್ಥಕ ಚಿಹ್ನೆ ಕಂಡಿತು. ಒಂದನ್ನು ಉಳಿಸಿಕೊಂಡು ಎರಡನ್ನು ಮನೆಗೆ ತಂದಿದ್ದೇನೆ.